ಗಾಜಿನ ಮೇಲೆ ಮೂಡದ ಹೆಬ್ಬೆರಳು

"ಹೊರಗೆ ಬನ್ನಿ! ಈಗಲೇ!"

ಗೋಡೆಯ ಸ್ಪೀಕರಿನಿಂದ ಆ ದನಿ ಬಂದಾಗ ಅವಳು ಬಸ್ಸಿನ ಡ್ರೈವರ್ ಸೀಟಿನಲ್ಲಿದ್ದಳು.

ಹಸಿರು ದೀಪ ಆರಿ ಕೆಂಪು ದೀಪ ಹತ್ತಿತ್ತು. ಬಸ್ಸಿನ ಸುತ್ತ ಗುಂಯ್‌ಗುಡುತ್ತಿದ್ದ ಫ್ಯಾನುಗಳು ಒಂದೊಂದಾಗಿ ನಿಂತವು.

"ನಿಲ್ಲಿಸ್ಬೇಡಿ! ನನಗೇನೂ ಆಗಿಲ್ಲ!"

ಕೂಗುತ್ತಲೇ ಅವಳು ಪಕ್ಕದ ಕಿಟಕಿಗೆ ಬರಿಗೈ ಒತ್ತಿದಳು. ಗಾಜಿನ ಒಳಗೂ ಹಿಮ ಕಟ್ಟಿತ್ತು. ಅಂಗೈ ಚುರ್ರೆಂದಿತು. ಕೈ ಕಿತ್ತುಕೊಂಡಾಗ ಹಿಮದ ಮೇಲೆ ಅವಳ ಪುಟ್ಟ ಅಂಗೈ ಅಚ್ಚಾಗಿ ಉಳಿದಿತ್ತು.

ಅಷ್ಟರಲ್ಲಿ ದಪ್ಪ ಬಾಗಿಲು ತೆರೆದು ಒಬ್ಬ ಕಂಬಳಿ ಹಿಡಿದು ಓಡಿ ಬಂದ. ಹೊರಗಿನ ನಿಯಂತ್ರಣ ಪ್ಯಾನಲ್ ಮುಂದೆ ಕೂರಲು ಹೊಸದಾಗಿ ಬಂದ ಎಂಜಿನಿಯರ್. ಅವಳು ಅವನ ಮುಖ ನೋಡಿದ್ದೇ ಅಂದು ಮೊದಲು.

"ಗ್ಲೌಸ್ ಯಾಕ್ರೀ ತೆಗೆದ್ರಿ?"

ಅವನು ಚಾಚಿದ ಕಂಬಳಿಯನ್ನು ಮುಟ್ಟದೆ ಅವಳು ಬಸ್ಸಿನಿಂದ ಇಳಿದಳು.

ಆ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಎಲ್ಲರೂ ಚಳಿಕೋಣೆ ಎಂದೇ ಕರೆಯುತ್ತಿದ್ದರು. ಇಡೀ ಬಸ್ಸು ಹಿಡಿಸುವ ಕೋಣೆ. ಬೆಟ್ಟದ ಮೇಲಿನ ಊರುಗಳಿಗೆ ಓಡಬೇಕಾದ ಬಸ್ಸುಗಳನ್ನು ಅಲ್ಲಿ ನಿಲ್ಲಿಸಿ, ನೀರು ಕಲ್ಲಾಗುವಂಥ ಚಳಿ ಕೊಟ್ಟು, ಎಂಜಿನ್ ಸ್ಟಾರ್ಟ್ ಆಗುತ್ತದೆಯೇ, ಬಾಗಿಲು ತೆರೆಯುತ್ತದೆಯೇ, ಮುಂದಿನ ಗಾಜು ತಿಳಿಯಾಗುತ್ತದೆಯೇ ಎಂದು ನೋಡುತ್ತಿದ್ದರು. ಅದಕ್ಕೆ ಒಳಗೊಬ್ಬ ಡ್ರೈವರ್ ಬೇಕೇ ಬೇಕು.

ಆ ಕೋಣೆಗೊಂದು ಕಟ್ಟುನಿಟ್ಟಿತ್ತು. ಹೊರಗೆ ಕೂತವರು ಆಗಾಗ ಹಸಿರು ದೀಪ ಹಚ್ಚುತ್ತಾರೆ. ಒಳಗಿನವರು ಹಾರ್ನ್ ಹೊಡೆದು 'ಇದ್ದೇನೆ' ಎನ್ನಬೇಕು. ಹಾರ್ನ್ ಕೇಳಲಿಲ್ಲವೋ, ಕೆಂಪು ಗುಂಡಿ ಒತ್ತಿ ಪರೀಕ್ಷೆ ನಿಲ್ಲಿಸಿಬಿಡುತ್ತಾರೆ!

ಅವಳು ಹಾರ್ನ್ ಹೊಡೆದಿರಲಿಲ್ಲ.

ಸಂಸ್ಥೆಯ ಗ್ಲೌಸುಗಳೆಲ್ಲ ಗುದ್ದಲಿಯಂಥ ಕೈಗಳಿಗೆ ಮಾಡಿದವು. ಅದರಲ್ಲಿ ಒಂದು ಸ್ವಿಚ್ ಒತ್ತಿದರೆ ಪಕ್ಕದ್ದೂ ಒತ್ತಿಹೋಗುತ್ತಿತ್ತು. ಅದಕ್ಕೇ ಒಂದನ್ನು ಹಲ್ಲಿನಿಂದ ಎಳೆದು ತೆಗೆದಿದ್ದಳು. ಅದು ಪೆಡಲ್ ಕೆಳಗೆ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ದೀಪ ಬಂದು ಹೋಗಿತ್ತು.

ಹೇಳಬಹುದಿತ್ತು. ಆದರೆ ಗ್ಲೌಸ್ ದೊಡ್ಡದು ಎಂದರೆ, 'ಗ್ಲೌಸ್ ದೊಡ್ಡದಲ್ಲಮ್ಮ, ನಿನ್ನ ಕೈ ಚಿಕ್ಕದು' ಎನ್ನುವವರೇ ಸುತ್ತಲೂ ಇದ್ದರು. ಅವರ ಬಾಯಿಗೆ ತಾನೇ ತುತ್ತು ಕೊಡಬೇಕೇ?

ಹೊರಗೆ, ವಿಭಾಗದ ಮುಖ್ಯಸ್ಥೆ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. ಕೆಟ್ಟವರಲ್ಲ, ಆದರೆ ನೇರ.

"ಮುಂದಿನ ವಾರ ಇನ್ನೊಂದು ಅವಕಾಶ ಕೊಡ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ಬೇರೆ ಡ್ರೈವರ್‌ನ ತಗೋತೀನಿ. ನೀನು ವಾಪಸ್ ನೀರಿನ ಚೀಲದ ಕೆಲಸಕ್ಕೆ."

ನೀರಿನ ಚೀಲ! ಬಸ್ಸಿನ ಸೀಟುಗಳ ಮೇಲೆ ಜನರ ಬದಲು ಜನರ ತೂಕದ ನೀರಿನ ಚೀಲ ಕೂರಿಸುತ್ತಿದ್ದರು. ಶಾಲೆ ಬಿಟ್ಟ ಹುಡುಗಿಗೆ ಇಲ್ಲಿ ಮೊದಲು ಸಿಕ್ಕಿದ್ದು ಆ ಚೀಲ ತುಂಬುವ ಕೆಲಸ. ತುಂಬುತ್ತಾ, ಹೊರುತ್ತಾ, ಅವಳ ಕಣ್ಣು ಮಾತ್ರ ಸದಾ ಡ್ರೈವರ್ ಸೀಟಿನ ಮೇಲೆ. ಅಪ್ಪನ ಲಾರಿಯಲ್ಲಿ ಕಲಿತು, ಲೈಸೆನ್ಸ್ ಪಡೆದು, ಕೇಳಿ ಕೇಳಿ ಗಿಟ್ಟಿಸಿದ ಅವಕಾಶ ಇದು.

'ವಾಪಸ್ ಹೋಗಲ್ಲ... ಏನಾದ್ರೂ ಸರಿ, ಹೋಗಲ್ಲ!'

ಮರೆತುಬಂದ ಶಾಲು ತರಲು ಬಸ್ಸಿಗೆ ಮರಳಿದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಆ ಹೊಸ ಎಂಜಿನಿಯರ್ ಅವಳ ಸೀಟಿನ ಪಕ್ಕ ಮಂಡಿಯೂರಿ, ಕಿಟಕಿಯ ಮೇಲಿನ ಅಂಗೈ ಅಚ್ಚಿಗೆ ಟೇಪು ಹಿಡಿದು ಅಳೆಯುತ್ತಿದ್ದ! ಅಳೆದದ್ದನ್ನು ತನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದ.

ಅವಳ ಮೈಯೆಲ್ಲ ಉರಿಯಿತು. ಗ್ಲೌಸ್ ತೆಗೆದಿದ್ದಕ್ಕೆ ಸಾಕ್ಷಿ! ಮೇಡಂಗೆ ತೋರಿಸಲು!

"ಅಳೆದಿದ್ದು ಮುಗೀತಾ?"

ಅವನು ಬೆಚ್ಚಿ ತಿರುಗಿದ. ಅವಳ ಮುಖ ನೋಡಿದ, ಗಾಜು ನೋಡಿದ. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ:

"ಹೆಬ್ಬೆರಳು... ಸರಿಯಾಗಿ ಮೂಡಿಲ್ಲ."

"ಹೌದಾ? ಇನ್ನೊಂದ್ಸಲ ಒತ್ತಿ ಕೊಡ್ಲಾ? ವರದಿ ಚೆನ್ನಾಗಿ ಬರಲಿ!"

ಶಾಲು ಎಳೆದುಕೊಂಡು ಹೊರಟಳು. ಅಷ್ಟು ಜೋರಾಗಿ ಅವಳು ಯಾರೊಂದಿಗೂ ಮಾತಾಡಿದವಳಲ್ಲ. ಕಾರಿಡಾರಿನ ತಿರುವಿನವರೆಗೂ ಹಿಂದಿರುಗಿ ನೋಡಲಿಲ್ಲ.

ಮನೆಯಲ್ಲಿ ಸೋದರತ್ತೆ ಕಾದೇ ಕೂತಿದ್ದಳು.

"ಬಂದ್ಲು ನೋಡು ಐಸ್‌ಕ್ಯಾಂಡಿ! ಬೇಡ ಕಣೇ ಈ ಹಣೇಬರಹ. ಒಳ್ಳೇ ಹುಡುಗ ಇದ್ದಾನೆ, ಡ್ರೈವಿಂಗ್ ಒಂದು ಬಿಟ್ರೆ ಸಾಕಂತೆ."

"ಅವನು ಊಟ ಬಿಡ್ತಾನಾ ಕೇಳು ಅತ್ತೆ. ಆಮೇಲೆ ನಾನು ಡ್ರೈವಿಂಗ್ ಬಿಡೋದು ನೋಡೋಣ."

ಗೋಡೆಗೊರಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಪ್ಪ ಕಿಸಕ್ಕನೆ ನಕ್ಕ. ಮಂಡಿ ಕೈಕೊಟ್ಟ ಮೇಲೆ ಅವನ ಲಾರಿ ಹೋಗಿತ್ತು, ನಗು ಹೋಗಿರಲಿಲ್ಲ.

"ಗೇರ್ ಹಾಕಿದ್ಮೇಲೆ ಮನಸ್ಸು ನ್ಯೂಟ್ರಲ್‌ನಲ್ಲಿ ಇರಬಾರ್ದು ಪುಟ್ಟಿ. ಹೋಗು, ಪ್ರಾಕ್ಟೀಸ್ ಮಾಡು."

ಮಾಡಿದಳು. ಅಪ್ಪನ ದಪ್ಪ ಕಾಲುಚೀಲಗಳನ್ನು ಕೈಗೆ ಒಂದರ ಮೇಲೊಂದು ಹಾಕಿಕೊಂಡು ಅಂಗಿಯ ಗುಂಡಿ ಹಾಕಿದಳು, ಬಿಚ್ಚಿದಳು. ಕಪಾಟಿನ ಚಿಲಕ ತೆಗೆದಳು. ಗಾಜಿನ ಲೋಟ ಎತ್ತಹೋದರೆ ಬಿದ್ದು ಒಡೆಯಿತು. ಅತ್ತೆ ಹಣೆ ಚಚ್ಚಿಕೊಂಡಳು. ಇವಳು ಮತ್ತೊಂದು ಲೋಟ ಎತ್ತಿಕೊಂಡಳು.

ಸಂಸ್ಥೆಯಲ್ಲಿ ಆ ಎಂಜಿನಿಯರ್ ಎದುರಾದಾಗಲೆಲ್ಲ ಅವಳು ದಾರಿ ಬದಲಿಸಿದಳು. ಒಮ್ಮೆ ಉಗ್ರಾಣದ ಬಾಗಿಲಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ.

"ರೀ... ಕೈ..."

"ಕೈಗೇನೂ ಆಗಿಲ್ಲ."

"ಅಲ್ಲ, ಹೆಬ್ಬೆರಳು..."

"ಅದೂ ಇದೆ. ಜಾಗದಲ್ಲೇ ಇದೆ!"

ಅವಳು ಸರಕ್ಕನೆ ಹೋದಳು. ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವನಿಗೆ ಥರ್ಮಾಮೀಟರ್ ಎಂದು ಹೆಸರಿಟ್ಟವಳು ಅವಳೇ. "ಪಾದರಸದ ಹಾಗೆ ಕಣೇ ಅವನ ಮಾತು. ಬಿಸಿ ಮುಟ್ಟಿದ್ರೇನೇ ಮೇಲೆ ಏರೋದು!"

ಎರಡನೇ ಪರೀಕ್ಷೆಯ ಬೆಳಿಗ್ಗೆ.

ಚಳಿಕೋಣೆಯ ಹೊರಗೆ ಒಳಹೋಗುವವರ ಕೋಟು, ಟೋಪಿ, ಗ್ಲೌಸು ತೂಗುಹಾಕುವ ಕೊಕ್ಕೆಗಳಿದ್ದವು. ತನ್ನ ಕೊಕ್ಕೆಯತ್ತ ಕೈಚಾಚಿದವಳು ತಡೆದಳು. ಅಲ್ಲಿ ಗುದ್ದಲಿಕೈಯ ಗ್ಲೌಸ್ ಇರಲಿಲ್ಲ. ಅದೇ ಬಟ್ಟೆ, ಅದೇ ಬಣ್ಣ... ಆದರೆ ಪುಟ್ಟದು. ಅಂಚಿನಲ್ಲಿ ಹೊಸ ಹೊಲಿಗೆ.

ಎಡಗೈ ಹಾಕಿಕೊಂಡಳು. ತೋರುಬೆರಳು ಸರಿ. ನಡುಬೆರಳು, ಕಿರುಬೆರಳು, ಅಂಗೈ ಅಗಲ... ಅವಳಿಗೆಂದೇ ಎರಕ ಹೊಯ್ದಂತೆ!

ಹೆಬ್ಬೆರಳು ಮಾತ್ರ ಸಡಿಲ.

ಅವಳು ಆ ಸಡಿಲ ತುದಿಯನ್ನು ಹಿಂಡಿ ನೋಡಿದಳು.

'ಹೆಬ್ಬೆರಳು ಸರಿಯಾಗಿ ಮೂಡಿಲ್ಲ...'

ಹಿಮದ ಮೇಲಿನ ಅಂಗೈ. ಮಂಡಿಯೂರಿದ ಅವನು. ಕರಗಿಹೋಗುವ ಮುಂಚೆ ಅವಸರದಲ್ಲಿ ಅಳೆಯುತ್ತಿದ್ದ ಟೇಪು. ಅವಳು ಕೇಳದೆಯೇ, ಹೇಳದೆಯೇ, ಅವನಿಗೆ ಗೊತ್ತಾಗಿತ್ತು. ಕೈ ಚಿಕ್ಕದಲ್ಲ, ಗ್ಲೌಸ್ ದೊಡ್ಡದು ಎಂದು!

"ನನ್ನ ನೋಡ್ಬೇಡ, ಅದು ಸ್ಟೋರಿಂದು ಅಲ್ಲ," ಎಂದಳು ಸ್ಟೋರ್ ಅಕ್ಕ, ಕೋಟು ಹಿಡಿದುಕೊಡುತ್ತಾ. "ಆ ಥರ್ಮಾಮೀಟರ್ ಮೇಡಂ ಒಪ್ಪಿಗೆ ತಗೊಂಡು, ಇಲ್ಲಿನ ಗ್ಲೌಸೇ ಬಿಚ್ಚಿ ತನ್ನ ಅಮ್ಮನ ಹತ್ರ ಹೊಲಿಸಿದ್ದಾನೆ. ಟೈಲರ್ ಅಂತೆ ಆಯಮ್ಮ. ಈಗ ಅಳಬೇಡ ಮಾರಾಯ್ತಿ, ಒಳಗೆ ಹೋದ್ರೆ ಕಣ್ಣೀರೂ ಗಡ್ಡೆಕಟ್ಟುತ್ತೆ!"

ಅವಳು ಅಳಲಿಲ್ಲ. ಹಲ್ಲು ಕಚ್ಚಿ ಬಸ್ಸು ಹತ್ತಿದಳು.

ಬಾಗಿಲು ಮುಚ್ಚಿತು. ಉಸಿರು ಹೊಗೆಯಾಯಿತು. ಹಸಿರು ದೀಪ... ಹಾರ್ನ್. ಕೀಲಿ ತಿರುಗಿಸಿದಳು. ಎಂಜಿನ್ ಕೆಮ್ಮಿತು, ಗೊಣಗಿತು, ಸ್ಟಾರ್ಟ್ ಆಯಿತು. ಹಸಿರು ದೀಪ... ಹಾರ್ನ್. ಒಂದು ಬೆರಳಿಗೆ ಒಂದೇ ಸ್ವಿಚ್! ಹಿಂದಿನ ಬಾಗಿಲು ತೆರೆಯಿತು.

ಮುಂದಿನ ಬಾಗಿಲು ತೆರೆಯಲಿಲ್ಲ.

ಮತ್ತೆ ಒತ್ತಿದಳು. ಕರ್ರೆಂದಿತು, ಅಲ್ಲೇ ನಿಂತಿತು. ಅಂಚಿನ ರಬ್ಬರಿಗೆ ಹಿಮ ಕಚ್ಚಿಕೊಂಡಿತ್ತು.

ಹೊರಗೆ ಮೇಡಂ ಚಳಿಕೋಣೆಯ ಗಾಜಿನ ಕಿಟಕಿಗೆ ಮುಖವಿಟ್ಟರು. "ಬಾಗಿಲು ಹಿಡ್ಕೊಂಡಿದೆ. ನಿಲ್ಲಿಸೋಣ್ವಾ?"

ಅವನು ಹಸಿರು ದೀಪ ಹಚ್ಚಿದ. ಹಾರ್ನ್ ಕೂಡಲೇ ಬಂತು, ಗಟ್ಟಿಯಾಗಿ.

"ಉತ್ತರ ಬರ್ತಿದೆ ಮೇಡಂ. ಹಿಂದಿನ ಬಾಗಿಲು ತೆರೆದೇ ಇದೆ. ಅವರು ಸಾಕು ಅನ್ನೋವರೆಗೆ ನಾನು ನಿಲ್ಲಿಸಲ್ಲ."

ಹೇಳುವಷ್ಟು ಸುಲಭವಾಗಿರಲಿಲ್ಲ. ಕೆಂಪು ಗುಂಡಿಯ ಪಕ್ಕದಲ್ಲಿ ಅವನ ಬೆರಳುಗಳು ಬೆವೆತಿದ್ದವು.

ಒಳಗೆ ಅವಳು ಹೀಟರಿನ ಬಿಸಿಗಾಳಿಯನ್ನು ಬಾಗಿಲಿನ ಕಡೆ ತಿರುಗಿಸಿ ಕಾದಳು. ಕಾಯುವುದೇ ಕಷ್ಟ. ಕಾಲ್ಬೆರಳು ಮರಗಟ್ಟಿತು. ಹಸಿರು ದೀಪ... ಹಾರ್ನ್. ಮುಂದಿನ ಗಾಜಿನ ಹಿಮ ನಡುವಿನಿಂದ ನಿಧಾನವಾಗಿ ಕರಗತೊಡಗಿತು. ತಿಳಿಯಾದ ಜಾಗದಲ್ಲಿ, ಕೋಣೆಯ ಕಿಟಕಿಯಾಚೆ, ಪ್ಯಾನಲ್ಲಿನ ಹಿಂದೆ, ಅವನ ಮುಖ. ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು.

'ಹೆದರ್ಬೇಡಿ. ಇದ್ದೀನಿ,' ಎಂದಿತು ಅವಳ ಮನಸ್ಸು ಆ ಮುಖಕ್ಕೆ.

ಮತ್ತೆ ಬಾಗಿಲಿನ ಸ್ವಿಚ್ ಒತ್ತಿದಳು. ಕರ್ರ್... ಕಟಕ್! ಬಾಗಿಲು ಪೂರ್ತಿ ತೆರೆದುಕೊಂಡಿತು!

ಸ್ಪೀಕರಿನಲ್ಲಿ ಚಪ್ಪಾಳೆ. ಮೇಡಂ ದನಿ: "ಹೊರಗೆ ಬಾಮ್ಮ, ನಮ್ಮ ಚಳಿಕೋಣೆ ಡ್ರೈವರ್!"

ಸಂಭ್ರಮವೆಲ್ಲ ಮುಗಿದು ಜನ ಟೀ ಕುಡಿಯಲು ಹೋದಾಗ, ಕೊಕ್ಕೆಗಳ ಹತ್ತಿರ ಅವರಿಬ್ಬರೇ ಉಳಿದರು. ಅವನು ಕಂಬಳಿ ಚಾಚಿದ. ಈ ಸಲ ಅವಳು ಹೊದ್ದುಕೊಂಡಳು.

"ಅವತ್ತು ನೀವು ಕೆಂಪು ಗುಂಡಿ ಒತ್ತಿದ್ದು ಸರಿ," ಎಂದಳು, ನೆಲ ನೋಡುತ್ತಾ. "ಸಿಟ್ಟಿನಲ್ಲಿ ಏನೇನೋ ಅಂದೆ. ಆದ್ರೆ ನೀವೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಕೆ ಬಂದೆ... ನೀವು ಹೆಬ್ಬೆರಳು ಜಾಗದಲ್ಲೇ ಇದೆ ಅಂದ್ಬಿಟ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಪಾದರಸ ಏರುತ್ತಿತ್ತು.

"ಅಮ್ಮ ಕೇಳಿದ್ರು, ಇಷ್ಟು ಮುತುವರ್ಜಿಯಿಂದ ಅಳೆದು ತಂದಿದೀಯಲ್ಲ, ಯಾರ ಕೈಯೋ ಇದು ಅಂತ."

"ಏನಂದ್ರಿ?"

"ಡ್ರೈವರ್‌ದು ಅಂದೆ."

"ಅಷ್ಟೇನಾ?"

"ಅಷ್ಟೇ ಅಂದೆ... ಅಮ್ಮ ನಂಬಲಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಅವನು ಒಂದು ಹೆಜ್ಜೆ ಹತ್ತಿರ ಬಂದ, ಅಲ್ಲೇ ನಿಂತ.

"ನೀವಂದ್ರೆ ನನಗೆ ಇಷ್ಟ. ಆ ಸೀಟು ಯಾವತ್ತೂ ನಿಮ್ದೇ, ಬಿಡಿ ಅಂತ ನಾನು ಕೇಳಲ್ಲ. ಹೊರಗೆ ಕೂತು ದೀಪ ಹಚ್ತಾ ಇರ್ತೀನಿ. ಉತ್ತರ ಕೊಡ್ತಾ ಇರ್ತೀರಾ... ಜೀವನಪೂರ್ತಿ?"

ಅವಳು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು. ಹೂಂ ಎನ್ನಲೂ ನಾಚಿಕೆ. ಕೊನೆಗೆ ಕಂಬಳಿಯೊಳಗೆ ಮುಖ ಹುದುಗಿಸಿ, ಮೆಲ್ಲಗೆ ಅಂದಳು:

"ಪೊಂ..."

ಅವನು ಒಂದು ಕ್ಷಣ ಪೆಚ್ಚಾದ. ಆಮೇಲೆ ಮುಖವೆಲ್ಲ ಅರಳಿತು.

"ಹಾಗಾದ್ರೆ ಕೈ ಕೊಡಿ. ಹೆಬ್ಬೆರಳಿನ ಅಳತೆ ಬಾಕಿ ಇದೆ."

ಅವಳು ಗ್ಲೌಸ್ ತೆಗೆದು ಬರಿಗೈ ಚಾಚಿದಳು.

"ಬರೀ ಹೆಬ್ಬೆರಳು ಸಾಕಾ?"