ಕೊನೆಯ ಬೆಂಚಿಗೆ ಕೇಳುವಷ್ಟು

‘ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ನಿಮ್ಮ ತೃಪ್ತಿಯೇ ನಮ್ಮ ಸಂತೋಷ.’

ಈ ಈಮೇಲ್ ಬಂದಾಗ ಲಾವಣ್ಯ ಇತಿಹಾಸದ ಕ್ಲಾಸು ಮುಗಿಸಿ, ಕೆಟ್ಟುಹೋದ ಮೈಕನ್ನು ಕೈಯಲ್ಲೇ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದಳು. ಮೇಲ್‌ನ ಕೆಳಗೆ ಹೆಸರಿತ್ತು: ಕನಕರಾಜ್, ಮುಖ್ಯಸ್ಥರು, ತಂತ್ರಜ್ಞಾನ ಸೇವೆ.

ಚಿಂತಾಮಣಿ ಹೊರವಲಯದ ಆ ಸ್ನಾತಕೋತ್ತರ ಕೇಂದ್ರಕ್ಕೆ ಅವನು ಬಂದು ತಿಂಗಳೂ ಆಗಿರಲಿಲ್ಲ. ಅವಳು ಇನ್ನೂ ಅವನ ಮುಖ ನೋಡಿರಲಿಲ್ಲ. ಈಗ ನೋಡಿಯೇ ಬಿಡೋಣ ಎಂದು ಮೆಟ್ಟಿಲಿಳಿದಳು.

ಅವನು ಮೇಜಿನ ಕೆಳಗೆ ತೂರಿಕೊಂಡು ವೈರು ಎಳೆಯುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಒಂದಕ್ಕೆ ನೀಲಿ ಕಾಲ್ಚೀಲ, ಇನ್ನೊಂದಕ್ಕೆ ಕಪ್ಪು.

“ಕನಕರಾಜ್ ಅಂದ್ರೆ ನೀವೇನಾ?”

“ಹೂಂ, ಒಂದ್ನಿಮಿಷ. ಯಾರು? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ.”

“ಜೋರಾಗಿ ಮಾತಾಡಕ್ಕಾಗಲ್ಲ ಅಂತಾನೇ ಮೈಕ್ ಕೇಳಿದ್ದು.”

ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದವು. ನಿಧಾನವಾಗಿ ಅವನು ಹೊರಗೆ ಬಂದ. ತಲೆಗೂದಲ ತುಂಬ ಧೂಳು. ಅವಳು ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು.

“ನನ್ನ ತೃಪ್ತಿಯೇ ನಿಮ್ಮ ಸಂತೋಷ ಅಂತೆ. ಎಷ್ಟು ಸಂತೋಷವಾಗಿದೀರ?”

ಅವನು ಓದಿದ. ಕಿವಿಯ ತುದಿ ಕೆಂಪಾಯಿತು. “ಇದು ನಾನು ಕಳಿಸಿದ್ದಲ್ಲ ಮೇಡಂ. ಯಾರೂ ಮುಟ್ಟದೇ ಇರೋ ದೂರನ್ನ ಸ್ವಲ್ಪ ದಿನ ಆದ್ಮೇಲೆ ಸಿಸ್ಟಮ್ಮೇ ಮುಚ್ಚಿಬಿಡುತ್ತೆ. ಹಿಂದಿನವರು ಹಂಗೆ ಸೆಟ್ ಮಾಡಿಟ್ಟಿದಾರೆ.”

“ಹೆಸರು ನಿಮ್ಮದಿದೆ.”

ಅವನು ಇನ್ನೊಮ್ಮೆ ನೋಡಿದ. “ಹೌದು. ಹೆಸರು ನಂದೇ. ಹಂಗಾದ್ರೆ ತಪ್ಪೂ ನಂದೇ. ನಾಳೆ ನಿಮ್ಮ ಕ್ಲಾಸ್ ಎಷ್ಟೊತ್ತಿಗೆ?”

ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಲಾವಣ್ಯಳ ಬಾಯಲ್ಲೇ ಉಳಿದುಹೋದವು. ಅವಳಿಗೆ ಯಾಕೋ ಮೋಸವಾದ ಹಾಗಾಯಿತು.

ಮರುದಿನ ಅವನು ಬಂದು ಕೊನೆಯ ಬೆಂಚಿನಲ್ಲಿ ಕೂತ. ಎರಡು ವಿಭಾಗಗಳ ಮಕ್ಕಳನ್ನು ಸೇರಿಸಿದ ದೊಡ್ಡ ಹಾಲ್ ಅದು. ಅವಳು ವೀರಗಲ್ಲುಗಳ ಪಾಠ ಮಾಡುತ್ತಿದ್ದಳು. ಕಳ್ಳರು ಊರಿನ ದನ ಹೊಡೆದುಕೊಂಡು ಹೋದದ್ದು, ಒಬ್ಬ ಯುವಕ ಒಬ್ಬನೇ ಬೆನ್ನಟ್ಟಿದ್ದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವಳ ದನಿ ಒಡೆಯಲು ಶುರುವಾಯಿತು. ಒಂದು ಕೈ ತಾನಾಗಿ ಕತ್ತಿನ ಹತ್ತಿರ ಹೋಯಿತು.

ಕ್ಲಾಸು ಮುಗಿದ ಮೇಲೆ ಅವಳು ಕೇಳಿದಳು, “ಏನು ಕೇಳಿಸ್ತು?”

“ಶುರುವಲ್ಲಿ ಚೆನ್ನಾಗಿ ಕೇಳಿಸ್ತು. ದನ ಬಿಡಿಸ್ಕೊಳ್ಳಕ್ಕೆ ಹೋದೋನು ಸತ್ತನಾ, ಬದುಕಿದ್ನಾ ಅನ್ನೋದು ಕೇಳಿಸ್ಲೇ ಇಲ್ಲ.”

“ಸತ್ತ. ಅದಕ್ಕೇ ಕಲ್ಲು ನಿಲ್ಸಿರೋದು.”

“ಅಯ್ಯೋ ಪಾಪ,” ಎಂದ. ನಿನ್ನೆ ಪಕ್ಕದ ಮನೆಯಲ್ಲಿ ನಡೆದದ್ದೇನೋ ಎಂಬಂತೆ ಅಷ್ಟು ನಿಜವಾಗಿ ಎಂದ. ಲಾವಣ್ಯ ನಕ್ಕಳು. ನಗು ಕೆಮ್ಮಾಯಿತು. ಅವಳು ಫ್ಲಾಸ್ಕಿನ ಬಿಸಿನೀರು ಕುಡಿದು ಮುಗಿಸುವವರೆಗೂ ಅವನು ಸುಮ್ಮನೆ ನಿಂತಿದ್ದ. ಏನಾಯಿತು ಎಂದು ಕೇಳಲಿಲ್ಲ. ಕಣ್ಣನ್ನೂ ತಪ್ಪಿಸಲಿಲ್ಲ.

ಹೊಸ ಮೈಕು ಬರುವುದಕ್ಕೆ ತಿಂಗಳುಗಳೇ ಬೇಕಿದ್ದವು. ಅವನು ಸೆಮಿನಾರ್ ಹಾಲಿನ ಬೀರುವಿನಲ್ಲಿ ಬಿದ್ದಿದ್ದ ಹಳೆಯ ಕಾಲರ್ ಮೈಕೊಂದನ್ನು ಬಿಚ್ಚಿ, ರಿಪೇರಿ ಮಾಡಿ ತಂದುಕೊಟ್ಟ. ಅದು ಸರಿಯಾಗಿದೆಯೇ ಎಂದು ನೋಡಲು ಸೋಮವಾರ ಬಂದ. ಬುಧವಾರವೂ ಬಂದ. ಶುಕ್ರವಾರ ಬಂದಾಗ ಲಾವಣ್ಯ ಹುಬ್ಬೇರಿಸಿದಳು.

“ಮೈಕ್ ಚೆನ್ನಾಗೇ ಇದೆಯಲ್ಲ ಸರ್?”

“ಮೈಕ್ ಚೆನ್ನಾಗಿದೆ. ಮುಂದಿನ ರಾಜ ಯಾರು ಅಂತ ತಿಳ್ಕೊಳ್ಳಕ್ಕೆ ಬಂದೆ.”

“ಪರೀಕ್ಷೆ ಬರೀಬೇಕಾಗುತ್ತೆ ಆಮೇಲೆ.”

“ಫೇಲಾದ್ರೆ ಇನ್ನೊಂದು ವರ್ಷ ಇಲ್ಲೇ ಕೂತ್ಕೊಬಹುದಾ?”

ಅವಳು ತಿರುಗಿ ಬೋರ್ಡು ಒರೆಸತೊಡಗಿದಳು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಅವರೆಕಾಯಿಯ ಕಾಲ. ಕ್ಯಾಂಟೀನಿನಲ್ಲಿ ಹಿಸುಕಿದ ಬೇಳೆ ಉಪ್ಪಿಟ್ಟಿನ ಘಮ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತರೆ ಎದುರಿಗೆ ಅಂಬಾಜಿದುರ್ಗದ ಬೆಟ್ಟ ಕಾಣುತ್ತಿತ್ತು. ಅಲ್ಲಿ ಕೂತು ಅವನು ತನ್ನೂರು ಕೆಂಚಾರ್ಲಹಳ್ಳಿಯ ಸುದ್ದಿ ಹೇಳುತ್ತಿದ್ದ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಅಪ್ಪ ತೀರಿಹೋದ ಮೇಲೂ ಅಮ್ಮ ಲಕ್ಷ್ಮೀನರಸಮ್ಮ ಅದನ್ನು ಬಿಟ್ಟಿಲ್ಲ. “ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಂದಂಗೆ ಇರುತ್ತೆ. ನಾನು ಮಲಗಿದ್ದೇ ಆ ಸದ್ದಲ್ಲಿ. ಸಣ್ಣ ಸದ್ದು ಕೇಳೋ ಅಭ್ಯಾಸ ಅಲ್ಲೇ ಆಗಿದ್ದು.”

“ಅದಕ್ಕೇ ನನ್ನ ಮಾತು ಕೇಳಿಸುತ್ತಾ ನಿಮಗೆ?”

“ನಿಮ್ಮ ಮಾತು ಚಿಂತಾಮಣಿ ಬಸ್ ಸ್ಟ್ಯಾಂಡಲ್ಲೂ ಕೇಳಿಸುತ್ತೆ ನಂಗೆ.”

ಅವಳು ಬಿಸಿನೀರಿನ ಲೋಟದೊಳಗೆ ನೋಡುತ್ತ ಕೂತಳು. ಆಮೇಲೆ, ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು. ಸ್ವರತಂತುಗಳ ಮೇಲೆ ಗಂಟುಗಳಾಗಿವೆ. ದನಿ ಎತ್ತಬಾರದು, ಎತ್ತುತ್ತಲೇ ಹೋದರೆ ಮಾತೇ ಹೋದೀತು ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ್ದಾರೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಗೌರಿಬಿದನೂರಿನಲ್ಲಿ ಅಪ್ಪ ಗಂಗರಾಜು, ನಿವೃತ್ತ ಹೆಡ್‌ಮಾಸ್ಟರು, ಮಗಳು ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಾಳೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾರೆ.

“ನಮ್ಮ ಕೇರಿಯಿಂದ ಇಲ್ಲಿವರೆಗೂ ಬಂದೋಳು ನಾನೊಬ್ಳೇ,” ಎಂದಳು. “ಪಾಠ ಮಾಡಕ್ಕಾಗಲ್ಲ ಅಂತ ಇಲ್ಲಿ ಗೊತ್ತಾದ್ರೆ ಏನು ಮಾಡ್ತಾರೋ ಗೊತ್ತಿಲ್ಲ. ಯಾರಿಗೂ ಹೇಳ್ಬೇಡಿ.”

“ಹೇಳಲ್ಲ,” ಎಂದ ಕನಕರಾಜ್.

ಅವನು ಹೆಸರು ಹೇಳಲಿಲ್ಲ, ನಿಜ. ಎಲ್ಲ ಕ್ಲಾಸಿಗೂ ಒಳ್ಳೆಯ ಧ್ವನಿ ವ್ಯವಸ್ಥೆ ಬೇಕೆಂದು ನಿರ್ದೇಶಕಿ ಶ್ಯಾಮಲಮ್ಮನವರ ಮುಂದೆ ವಾದಿಸುವಾಗ, ಅವರು “ಇಷ್ಟು ವರ್ಷ ನಡೀತಿರಲಿಲ್ವೇನಪ್ಪ?” ಎಂದಾಗ, ಅವನ ಬಾಯಿಂದ ಬಂದುಬಿಟ್ಟಿತು: “ಒಬ್ಬರಿಗೆ ಗಂಟಲೇ ಹೋಗ್ತಾ ಇದೆ ಮೇಡಂ.” ಅಷ್ಟೇ. ಆದರೆ ಅಷ್ಟು ಸಣ್ಣ ಕ್ಯಾಂಪಸ್ಸಿನಲ್ಲಿ ಫ್ಲಾಸ್ಕು ಹಿಡಿದು ಓಡಾಡುವವಳು ಒಬ್ಬಳೇ.

ಎರಡು ದಿನಕ್ಕೆ ಶ್ಯಾಮಲಮ್ಮ ಲಾವಣ್ಯಳನ್ನು ಕರೆಸಿದರು. ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು. “ಮೊದಲೇ ಹೇಳಬಾರದಿತ್ತೇನಮ್ಮ? ಮುಂದಿನ ಸೆಮಿಸ್ಟರು ಪರೀಕ್ಷಾ ವಿಭಾಗ ನೋಡ್ಕೋ. ಮಾತೇ ಆಡಬೇಕಾಗಿಲ್ಲ ಅಲ್ಲಿ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಕರುಣೆಯನ್ನು ತಡೆದುಕೊಳ್ಳಲಾಗಲಿಲ್ಲ.

ಅವನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಳು. “ಹೇಳಲ್ಲ ಅಂದಿದ್ರಿ.”

ಅವನು ಎದ್ದು ನಿಂತ. “ಹೆಸರು ಹೇಳಿಲ್ಲ ಲಾವಣ್ಯ...”

“ನಿಮ್ಮ ಪ್ರಪೋಸಲ್‌ಗೆ ಒಂದು ಗಂಟಲು ಬೇಕಿತ್ತು. ಸಿಕ್ತು. ನನ್ನನ್ನ ಕ್ಲಾಸಿಂದ ಎಬ್ಬಿಸ್ತಾ ಇದಾರೆ, ಗೊತ್ತಾ?”

ಅವನು ಹೇಳಿದ್ದು ಒಂದೇ. “ತಪ್ಪು ನಂದು.”

ಮೊದಲ ದಿನ ಇದೇ ಮಾತು ಅವಳ ಕೋಪವನ್ನು ಇಳಿಸಿತ್ತು. ಈ ಸಲ ಇಳಿಸಲಿಲ್ಲ. ಅವಳು ಹೊರಟುಹೋದಳು. ಕಾಲರ್ ಮೈಕನ್ನು ಅಟೆಂಡರ್ ಕೈಯಲ್ಲಿ ವಾಪಸ್ಸು ಕಳಿಸಿದಳು. ಅದು ಸಂಜೆಯೊಳಗೆ ಮತ್ತೆ ಅವಳ ಟೇಬಲ್ ಮೇಲಿತ್ತು. ಜೊತೆಗೆ ಚೀಟಿಯೂ ಇಲ್ಲ, ಮೆಸೇಜೂ ಇಲ್ಲ.

ಆಮೇಲಿನ ವಾರಗಳಲ್ಲಿ ಹೊಂಗೆ ಮರದ ಬೆಂಚು ಖಾಲಿ ಇರುತ್ತಿತ್ತು. ಅವಳು ಆ ದಾರಿ ಬಿಟ್ಟು ಲೈಬ್ರರಿಯ ಹಿಂದಿನಿಂದ ಸುತ್ತಿ ಬರುತ್ತಿದ್ದಳು. ಸುತ್ತಿ ಬರುವಾಗಲೆಲ್ಲ, ಅಲ್ಲಿ ಅವನು ಕೂತಿದ್ದಾನೆಯೇ ಎಂದು ಗೋಡೆಯ ಮರೆಯಿಂದ ನೋಡದೆ ಇರುತ್ತಿರಲಿಲ್ಲ.

ಗಣಿತದ ಚೆನ್ನರಾಯಪ್ಪ ಮೇಷ್ಟ್ರು ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತಾವಾಗಿಯೇ ಮಾತು ತೆಗೆದರು. ನಿವೃತ್ತಿಗೆ ಹತ್ತಿರವಿದ್ದವರು. “ಆ ಕಂಪ್ಯೂಟರ್ ಹುಡುಗ ಬಂದಿದ್ದ ಕಣಮ್ಮ. ಗಂಟೆಗಟ್ಟಲೆ ಕೂತಿದ್ದ. ಸರ್, ನಿಮಗೆ ಪಾಠ ಮಾಡಕ್ಕೆ ಏನು ಕಷ್ಟ ಆಗ್ತಿದೆ ಅಂತ ಕೇಳಿದ. ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ನನ್ನ.”

“ಏನು ಹೇಳಿದ್ರಿ ಸರ್?”

ಅವರು ಬಲಗೈಯನ್ನು ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. “ಬೋರ್ಡ್ ಮೇಲೆ ಬರಿಯಕ್ಕಾಗಲ್ಲ. ಹುಡುಗರ ಕೈಲಿ ಬರೆಸ್ತೀನಿ, ಏನೋ ನೆಪ ಹೇಳಿ. ಈಗ ಕೂತು ಕಾಗದದ ಮೇಲೆ ಬರೆದ್ರೆ ಗೋಡೆ ಮೇಲೆ ಕಾಣೋ ಹಂಗೆ ಒಂದು ಕ್ಯಾಮೆರಾ ತಂದಿಟ್ಟಿದಾನೆ. ಎಲ್ಲರ ಹತ್ರಾನೂ ಹೋಗ್ತಿದಾನೆ ನೋಡು. ನಿನ್ನ ಹತ್ರ ಬಂದಿಲ್ವಾ?”

“ಇಲ್ಲ ಸರ್.”

“ಬರಬೇಕಿತ್ತಲ್ಲ,” ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ಏನೋ ಮಿನುಗಿತು. “ನಿನ್ನ ಹೆಸರು ಬಂದ್ರೆ ಮಾತ್ರ ತಲೆ ತಗ್ಗಿಸ್ಕೊಂಡು ಚಾರ್ಜರ್ ಸುತ್ತಕ್ಕೆ ಶುರು ಮಾಡ್ತಾನೆ.”

ಸೆಮಿಸ್ಟರಿನ ಕೊನೆಗೆ ಅಧ್ಯಾಪಕರ ಸಭೆ ಸೇರಿತು. ಕನಕರಾಜ್ ಎದ್ದು ನಿಂತ. ಈ ಸಲ ಅವನು ಯಾರ ಕಥೆಯನ್ನೂ ಹೇಳಲಿಲ್ಲ. ದೂರುಗಳು ತಾವಾಗಿ ಮುಚ್ಚಿಹೋಗುವುದನ್ನು ನಿಲ್ಲಿಸಿದ್ದೇನೆ, ದೂರು ಕೊಟ್ಟವರೇ ಸರಿಯಾಯಿತು ಎನ್ನುವವರೆಗೂ ಅದು ತೆರೆದೇ ಇರುತ್ತದೆ ಎಂದ. “ನಾನು ಹೇಳೋದು ಇಷ್ಟೇ. ಏನು ಬೇಕು ಅಂತ ನೀವೇ ಹೇಳ್ಬೇಕು. ನಿಮ್ಮ ಪರವಾಗಿ ಮಾತಾಡೋ ಹಕ್ಕು ನನಗಿಲ್ಲ.”

ಹಾಗೆನ್ನುವಾಗ ಅವನು ಯಾರ ಕಡೆಯೂ ನೋಡಲಿಲ್ಲ. ಯಾರಿಗೆ ಹೇಳಿದನೆಂಬುದು ಲಾವಣ್ಯಳಿಗೆ ಗೊತ್ತಾಯಿತು.

ಚೆನ್ನರಾಯಪ್ಪ ಮೇಷ್ಟ್ರು ಮೊದಲು ಕೈ ಎತ್ತಿದರು. ಆ ನಡುಗುವ ಕೈಯನ್ನೇ, ಎಲ್ಲರಿಗೂ ಕಾಣುವ ಹಾಗೆ. ಅವರು ಕೂತ ಮೇಲೆ ಲಾವಣ್ಯ ಎದ್ದಳು.

“ನನ್ನ ಗಂಟಲಲ್ಲಿ ಗಂಟಾಗಿದೆ,” ಎಂದಳು. ದನಿ ಮೆಲ್ಲಗಿತ್ತು. ಕೋಣೆಯೇ ಮುಂದೆ ಬಾಗಿ ಕೇಳಿತು. “ಮುಚ್ಚಿಟ್ಟಿದ್ದೆ, ಭಯಕ್ಕೆ. ಒಳ್ಳೆ ಮೈಕಿದ್ರೆ ನಾನು ಇನ್ನೂ ಮೂವತ್ತು ವರ್ಷ ಪಾಠ ಮಾಡ್ತೀನಿ. ರಜೆಯಲ್ಲಿ ಟ್ರೀಟ್‌ಮೆಂಟ್ ಇದೆ. ನನ್ನನ್ನ ಪರೀಕ್ಷಾ ವಿಭಾಗಕ್ಕೆ ಹಾಕ್ಬೇಡಿ ಮೇಡಂ. ನಂಗೆ ಕ್ಲಾಸ್ ಬೇಕು.”

ಶ್ಯಾಮಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಕ್ಲಾಸು ನಿಂದೇ ಕಣಮ್ಮ. ಕನಕರಾಜ್, ಇವಳ ಕ್ಲಾಸಿನ ಹಾಲ್‌ನಿಂದಾನೇ ಕೆಲಸ ಶುರು ಮಾಡಪ್ಪ.”

ಸಭೆ ಮುಗಿದು ಎಲ್ಲರೂ ಹೊರಟಾಗ ಅವನು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದ. ಲಾವಣ್ಯ ಹತ್ತಿರ ಹೋದಳು.

“ಇಷ್ಟು ದಿನ ಎಲ್ಲರ ಹತ್ರ ಹೋದ್ರಂತೆ. ನನ್ನ ಹತ್ರ ಯಾಕೆ ಬರಲಿಲ್ಲ?”

“ಮುಖ ಇರಲಿಲ್ಲ.”

“ಈಗ?”

ಅವನು ಮೊದಲ ಬಾರಿಗೆ ತಲೆ ಎತ್ತಿದ. ಅವಳು ನಗುತ್ತಿರಲಿಲ್ಲ, ಆದರೆ ನಗು ಎಲ್ಲೋ ಹತ್ತಿರದಲ್ಲೇ ಇತ್ತು. ಸುತ್ತಿದ್ದ ವೈರು ಅವನ ಕೈಯಿಂದ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

ರಜೆಯಲ್ಲಿ ಲಾವಣ್ಯ ಗೌರಿಬಿದನೂರಿಗೆ ಹೋಗಿ, ಗಂಟಲಿನ ವಿಷಯವನ್ನು ಅಪ್ಪ ಅಮ್ಮನಿಗೂ ಹೇಳಿದಳು. ಎರಡು ವಾರ ಪೂರ್ತಿ ಮೌನ, ಆಮೇಲೆ ದನಿಯ ಥೆರಪಿ ಎಂದಿದ್ದರು ಡಾಕ್ಟರು. ಮನೆಯಲ್ಲಿ ಕೈಸನ್ನೆ, ಫೋನಿನಲ್ಲಿ ಮೆಸೇಜು. ಅವನು ಕ್ಲಾಸಿನ ಹಾಲ್‌ನಲ್ಲಿ ನಡೆಯುತ್ತಿದ್ದ ಕೆಲಸದ ಫೋಟೋ ಕಳಿಸುತ್ತಿದ್ದ. ಅವಳು ಕೋಣೆಯ ಕಿಟಕಿ, ಅಮ್ಮ ಮಾಡಿದ ಮುದ್ದೆ, ಅಂಗಳದ ಬೆಕ್ಕು ಕಳಿಸುತ್ತಿದ್ದಳು. ನಡುವೆ ನಾಲ್ಕು ದಿನ ಅವನಿಂದ ಏನೂ ಬರಲಿಲ್ಲ. ಅವಳು ಊಟದ ನಡುವೆಯೂ ಫೋನು ತಿರುಗಿಸಿ ನೋಡಿದಳು. ಐದನೆಯ ದಿನ ಒಂದು ಸಾಲು ಬಂತು: ‘ನಿಮ್ಮ ಮೌನ ಮುಗಿಯೋ ದಿನ ಬರ್ಲಾ?’

ಅವನು ಬಂದಾಗ ಅಪ್ಪ ಅಮ್ಮ ಸಂತೆಗೆ ಹೋಗಿದ್ದರು. ಹಜಾರದ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋಗಳು. ಅವನು ಅವನ್ನು ನೋಡಿ, ಕುರ್ಚಿಯ ತುದಿಯಲ್ಲಿ ಕೂತ. ಲಾವಣ್ಯ ಇನ್ನೂ ಮಾತಾಡಿರಲಿಲ್ಲ. ನೀರಿನ ಲೋಟ ಅವನ ಕೈಗೆ ಕೊಟ್ಟು ಎದುರಿಗೆ ಕೂತಳು.

“ನೀವು ಮಾತಾಡ್ಬೇಡಿ, ನಾನೇ ಹೇಳ್ಬಿಡ್ತೀನಿ,” ಎಂದ. “ನಂಗೆ ನೀವು ಇಷ್ಟ. ಮೇಜಿನ ಕೆಳಗಿಂದ ಎದ್ದ ದಿನದಿಂದಾನೇ. ಆದ್ರೆ ನಿಮ್ಮನ್ನ ಕೇಳೋ ಮುಂಚೆ ಅಮ್ಮನಿಗೆ ಹೇಳ್ಬೇಕು ಅನ್ನಿಸ್ತು. ಆಮೇಲೆ ನಮ್ಮ ಜನದಿಂದ ನಿಮಗೆ ನೋವಾಗೋದು ಬೇಡ ಅಂತ. ಎಲ್ಲಾ ಹೇಳಿದೆ, ಯಾರ ಮನೆ ಹುಡುಗಿ, ಯಾವ ಜಾತಿ ಅಂತಾನೂ. ಅಮ್ಮ ನಾಲ್ಕು ದಿನ ನನ್ನ ಹತ್ರ ಮಾತೇ ಬಿಟ್ರು.”

ಲಾವಣ್ಯ ಅವನನ್ನೇ ನೋಡುತ್ತಿದ್ದಳು.

“ಐದನೇ ದಿನ ಹುಳಕ್ಕೆ ಸೊಪ್ಪು ಹಾಕ್ತಾ, ನನ್ನ ಕಡೆ ತಿರುಗದೇನೇ ತೆಲುಗಲ್ಲಿ ಕೇಳಿದ್ರು. ‘ಆ ಪಿಲ್ಲ ಏಮಿ ತಿಂಟುಂದಿರಾ?’ ಏನು ತಿಂತಾಳೆ ಅಂತ. ಒಪ್ಪಿದಾರೆ ಅಂತ ಸುಳ್ಳು ಹೇಳಲ್ಲ. ಕೇಳಿದಾರೆ, ಅಷ್ಟೇ. ಅವರು ಒಪ್ಪದಿದ್ರೂ ನಾನು ಬದಲಾಗಲ್ಲ.”

ಲಾವಣ್ಯ ಬಾಯಿ ತೆರೆದಳು. ಎರಡು ವಾರ ಕೂಡಿಟ್ಟ ದನಿ ಮೊದಲು ಬರಿಯ ಉಸಿರಾಗಿ ಬಂತು, ಆಮೇಲೆ ಮಾತಾಯಿತು.

“ನಾಲ್ಕು ದಿನ ಮೆಸೇಜ್ ಮಾಡ್ಲಿಲ್ಲ ನೀವು. ಎಷ್ಟು ಕೋಪ ಬಂದಿತ್ತು ಗೊತ್ತಾ?”

ಅವನು ನಕ್ಕುಬಿಟ್ಟ. ಕಣ್ಣು ಒದ್ದೆಯಾಗಿತ್ತು. “ಇದೇನಾ ಮೊದಲನೇ ಮಾತು?”

“ಎರಡನೇದು ಹೇಳ್ತೀನಿ, ಇರಿ.”

ಗೇಟಿನ ಸದ್ದಾಯಿತು. ತರಕಾರಿ ಚೀಲ ಹಿಡಿದು ಗಂಗರಾಜು ಮೇಷ್ಟ್ರು ಹೊಸ್ತಿಲಲ್ಲಿ ನಿಂತಿದ್ದರು. ಹಿಂದೆ ಅಮ್ಮ ಮಂಗಮ್ಮ. ಮಗಳ ದನಿ ಕೇಳಿ ಇಬ್ಬರ ಮುಖವೂ ಅರಳಿತ್ತು. ಕನಕರಾಜ್ ಎದ್ದು ನಿಂತ.

“ಅಪ್ಪಾ,” ಎಂದಳು ಲಾವಣ್ಯ, “ಇವರು ಕನಕರಾಜ್. ನಾನು ಇವರನ್ನ ಮದುವೆ ಆಗ್ಬೇಕು ಅಂತಿದೀನಿ.”

ಗಂಗರಾಜು ಚೀಲ ಕೆಳಗಿಟ್ಟು, ತಮ್ಮ ಕುರ್ಚಿಯಲ್ಲಿ ಕೂತು, ಹುಡುಗನನ್ನೂ ಕೂರಲು ಸನ್ನೆ ಮಾಡಿದರು. ಊರು ಕೇಳಿದರು. ಕೆಲಸ ಕೇಳಿದರು. “ಮನೇಲಿ ಹೇಳಿದೀಯೇನಪ್ಪ?” ಎಂದರು.

“ಹೇಳಿದೀನಿ ಸರ್.”

“ಏನಂದ್ರು?”

ಅವನು ಒಂದನ್ನೂ ಬಿಡದೆ ಹೇಳಿದ. ನಾಲ್ಕು ದಿನದ ಮೌನವನ್ನೂ, ಐದನೆಯ ದಿನದ ಪ್ರಶ್ನೆಯನ್ನೂ. ಗಂಗರಾಜು ಗೋಡೆಯ ಫೋಟೋಗಳತ್ತ ನೋಡಿದರು. ಮಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

“ನಿಮ್ಮಮ್ಮನಿಗೆ ಹೇಳಪ್ಪ,” ಎಂದರು ಕೊನೆಗೆ. “ನಮ್ಮ ಹುಡುಗಿ ಎಲ್ಲಾ ತಿಂತಾಳೆ, ಹಾಗಲಕಾಯಿ ಒಂದು ಬಿಟ್ಟು. ಮಿಕ್ಕಿದ್ದು ಅವರೇ ಇಲ್ಲಿಗೆ ಬಂದು ಕೇಳಲಿ. ನಾನು ಕಾಯ್ತೀನಿ.”

ಮಂಗಮ್ಮ ಕಾಫಿಗೆ ಹಾಲಿಡಲು ಒಳಗೆ ಹೋದರು. ಗಂಗರಾಜು ಚೀಲ ಎತ್ತಿಕೊಂಡು ಹಿಂದೆಯೇ ಹೋದರು. ಹೋಗುವಾಗ ಹಜಾರದ ಬಾಗಿಲನ್ನು ಅರ್ಧ ಮುಂದಕ್ಕೆಳೆದರು.

ಕನಕರಾಜ್ ಪಿಸುಗುಟ್ಟಿದ, “ಎರಡನೇ ಮಾತು ಬಾಕಿ ಇದೆ.”

ಲಾವಣ್ಯ ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು, ಅವನ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅದನ್ನು ಹೇಳಿದಳು.