ತಾತನ ಹೊಟ್ಟೆಯಲ್ಲಿ ಕಲ್ಲು

ಡಾಕ್ಟರು ಮುಷ್ಟಿ ಕಟ್ಟಿ ತಾತನ ಬೆನ್ನಿನ ಎಡಮಗ್ಗುಲಿಗೆ ಮೆಲ್ಲಗೆ ಒಂದು ಏಟು ಕೊಟ್ಟರು. ತಾತ ಕೂತಲ್ಲಿಂದ ಒಂದು ಗೇಣು ಹಾರಿದ.

"ಅಲ್ಲೇ ಮೇಡಂ, ಅಲ್ಲೇ," ಅಂದ.

ಸುನಂದಳಿಗೆ ನಗು ಬಂತು, ತಡೆದುಕೊಂಡಳು. ತಾತ ಕೂತಿದ್ದುದು ಅವಳು ದಿನಾ ಕೂರುವ ಬೆಂಚಿನ ಮೇಲೆ. ಗೌನಿಪಲ್ಲಿ ಶಾಲೆಯ ಐದನೇ ಕ್ಲಾಸಿನ ಕೋಣೆಯೇ ಈ ಭಾನುವಾರ ಆಸ್ಪತ್ರೆಯಾಗಿತ್ತು. ಬೆಂಗಳೂರಿನಿಂದ ಬಂದವರು ಹೆಲ್ತ್ ಕ್ಯಾಂಪ್ ಇಟ್ಟಿದ್ದರು. ಅಪ್ಪ ಅಮ್ಮ ಮಾವಿನ ತೋಟದ ಕೆಲಸಕ್ಕೆ ಹೋಗಿದ್ದರಿಂದ ಮುನಿಶಾಮಿ ತಾತನನ್ನು ಕರೆತರುವ ಕೆಲಸ ಸುನಂದಳ ಪಾಲಿಗೆ ಬಂದಿತ್ತು.

ಮೃದುಲಾ ಡಾಕ್ಟರು ತಾತನನ್ನು ಮಲಗಿಸಿ ಹೊಟ್ಟೆ ಒತ್ತಿದರು. ಕುಡಿಯುತ್ತೀರಾ ಎಂದು ಕೇಳಿದರು. ಬಿಟ್ಟು ಮೂರು ವರ್ಷವಾಯಿತು ಎಂದ ತಾತ. ಆಮೇಲೆ ಅವರು ಚೀಲದಿಂದ ಮೊಬೈಲ್ ಫೋನಿನಂಥ ಒಂದು ವಸ್ತುವನ್ನು ತೆಗೆದರು. ಅದಕ್ಕೆ ವೈರು, ವೈರಿನ ತುದಿಗೆ ಸೋಪಿನಷ್ಟು ದಪ್ಪದ ಒಂದು ತುಂಡು.

"ಏನ್ ಮೇಡಂ ಅದು?" ಎಂದಳು ಸುನಂದ.

"ಸ್ಕ್ಯಾನಿಂಗ್ ಮಿಷನ್ ಪುಟ್ಟಿ. ಹೊಟ್ಟೆ ಒಳಗಡೆ ಏನಿದೆ ಅಂತ ತೋರಿಸುತ್ತೆ."

ತಾತ ಗಾಬರಿಯಾಗಿ ಎದ್ದು ಕೂತ. ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡುವುದು ಎಂದು ಊರಿಗೆಲ್ಲ ಗೊತ್ತು. ಡಾಕ್ಟರು ನಗುತ್ತಾ ಅವನನ್ನು ಮತ್ತೆ ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ, ಆ ತುಂಡನ್ನು ಪಕ್ಕೆಯ ಮೇಲೆ ಆಡಿಸಿದರು.

ಪುಟ್ಟ ಪರದೆಯಲ್ಲಿ ಬೂದುಬಣ್ಣದ ಮೋಡಗಳು ಅಲುಗಾಡಿದವು. ಸುನಂದ ಉಸಿರು ಹಿಡಿದು ನೋಡಿದಳು. ಅಲ್ಲಿ ಕಾಣುತ್ತಿದ್ದುದು ತಾತನ ಒಳಗು! ಚರ್ಮ ಕೊಯ್ಯಲಿಲ್ಲ, ರಕ್ತ ಬರಲಿಲ್ಲ, ಆದರೂ ಎಲ್ಲ ಬಯಲಾಗಿತ್ತು.

"ಇಲ್ನೋಡಿ, ಈ ಬಿಳಿ ಚುಕ್ಕೆ. ಕಲ್ಲಿದೆ. ಸಣ್ಣದು," ಎಂದರು ಡಾಕ್ಟರು. ಆರು ತಿಂಗಳಿಂದ ಇದ್ದರೂ ಇರಬಹುದು, ಚೆನ್ನಾಗಿ ನೀರು ಕುಡಿದರೆ ಹೋಗುತ್ತದೆ, ಆದರೂ ಶ್ರೀನಿವಾಸಪುರಕ್ಕೆ ಹೋಗಿ ದೊಡ್ಡ ಮಿಷನ್ನಿನಲ್ಲಿ ಒಂದು ಸಲ ನೋಡಿಸಿ ಎಂದು ಚೀಟಿ ಬರೆದರು.

ಮಾತ್ರೆಗೆ ಉದ್ದನೆಯ ಕ್ಯೂ ಇತ್ತು. ತಾತ ಅಲ್ಲಿ ನಿಂತ. ಸುನಂದಳ ಹೊಟ್ಟೆಯಲ್ಲಿ ಸುದ್ದಿ ನಿಲ್ಲಬೇಕಲ್ಲ? ಮನೆಗೆ ಒಂದೇ ಓಟ ಓಡಿದಳು.

ಅವ್ವ, ಅಂದರೆ ಅವಳ ಅಜ್ಜಿ ದೊಡ್ಡಗಂಗಮ್ಮ, ಗಡಿಯಾಚೆಯ ಆಂಧ್ರದ ಊರಿನವಳು. ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಅವಳ ಬಾಯಿಗೆ ತೆಲುಗೇ ಒಗ್ಗಿತ್ತು. ಸುನಂದಳಿಗೋ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಅರ್ಧ ಅದು ಅರ್ಧ ಇದು.

"ಅವ್ವಾ, ಡಾಕ್ಟರಮ್ಮ ಮಿಷನ್ ಪೆಟ್ಟಿ ಚೂಸಿನಾರು," ಎಂದಳು ಏದುಸಿರು ಬಿಡುತ್ತಾ. "ತಾತ ಕಡುಪುಲೋ ಕಲ್ಲುಂದಂಟ!"

ಮಿಷನ್ ಇಟ್ಟು ನೋಡಿದರು, ತಾತನ ಹೊಟ್ಟೆಯಲ್ಲಿ ಕಲ್ಲಿದೆಯಂತೆ.

ಅವ್ವನ ಕೈಯಲ್ಲಿದ್ದ ಮೊರ ಜಾರಿ ರಾಗಿಯೆಲ್ಲ ಚೆಲ್ಲಿಹೋಯಿತು. ಮಿಷನ್ನಿನಲ್ಲೇ ಕಾಣಿಸಿತಾ ಎಂದು ಕೇಳಿದಳು. ನಾನೇ ಕಣ್ಣಾರೆ ಕಂಡೆ ಎಂದಳು ಸುನಂದ.

ಅಷ್ಟರಲ್ಲಿ ತಾತ ಬಂದ. ಎಷ್ಟು ದಿನದಿಂದ ಇದು ಎಂದು ಕೇಳಿದಳು ಅವ್ವ.

ಆರು ತಿಂಗಳಾಗಿರಬಹುದಂತೆ ಎಂದ ತಾತ, ಚಪ್ಪಲಿ ಬಿಡುತ್ತಾ. "ಸಣ್ಣದು ಬಿಡು. ನೀರು ಕುಡಿದರೆ ಹೋಗುತ್ತಂತೆ."

ಅವ್ವನ ಮುಖ ಕೆಂಪೇರಿತು. "ಮಳ್ಳಾ ತಾಗಿನಾವಾ?" ಎಂದಳು. ಮತ್ತೆ ಕುಡಿದೆಯಾ ಅಂತ.

ತಾತ ಬೆಪ್ಪಾದ. ಇಲ್ಲ ಎಂದ. ಹಾಗಾದರೆ ಮಿಷನ್ ಸುಳ್ಳು ಹೇಳುತ್ತದಾ ಎಂದು ಅವ್ವ ಗುಡುಗಿದಳು. ಮೂರು ವರ್ಷದ ಹಿಂದೆ ಈ ಮಗುವಿನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆಯಲ್ಲ, ಆಣೆ ತಪ್ಪಿದರೆ ಆಗುವ ಕೇಡು ಯಾರಿಗೆ ಎಂದು ಅತ್ತಳು.

ಸುನಂದ ತನ್ನ ತಲೆ ಮುಟ್ಟಿ ನೋಡಿಕೊಂಡಳು. ತನ್ನ ತಲೆಯ ಮೇಲೆಯಾ? ಆಗ ಅವಳು ನಿದ್ದೆಯಲ್ಲಿದ್ದಳೋ ಏನೋ, ಯಾರೂ ಅವಳಿಗೆ ಹೇಳಿರಲಿಲ್ಲ. ತಾತ ಕುಡಿಯುತ್ತಿದ್ದ ಕಾಲದಲ್ಲಿ ಗಬ್ಬೆಂದು ನಾರುತ್ತಾ ಬಂದು, ಮಜ್ಜಿಗೆ ಕುಡಿದೆ ಎನ್ನುತ್ತಿದ್ದನಂತೆ. ಅದನ್ನು ಹೇಳಿಕೊಂಡು ಊರೇ ನಗುತ್ತಿತ್ತು. ಕುಡಿಯುವವರಿಗೇ ಹೊಟ್ಟೆಯಲ್ಲಿ ಕಲ್ಲು ಬರುವುದೋ ಏನೋ. ದೊಡ್ಡವಳು ಅವ್ವ, ಅವಳಿಗೆ ಗೊತ್ತಿರುತ್ತದೆ.

"ಪಾಪಾ, ನೀನು ಜೊತೇಲೇ ಇದ್ಯಲ್ಲ," ಎಂದ ತಾತ ಅವಳತ್ತ ತಿರುಗಿ. "ನಾನು ಕುಡ್ದಿಲ್ಲ ಕಣೇ. ನೀನಾದ್ರೂ ಹೇಳು."

ಹೇಳುತ್ತಾ ಅವಳ ತಲೆ ಸವರಲು ಕೈ ಚಾಚಿದ. ಸುನಂದ ಸರಕ್ಕನೆ ತಲೆ ಹಿಂದಕ್ಕೆ ಎಳೆದುಕೊಂಡಳು.

ತಾತನ ಕೈ ಅಲ್ಲೇ ನಿಂತಿತು. ಆಮೇಲೆ ಅವನು ಹೊರಗೆ ಹೋಗಿ ಜಗಲಿಯ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತ.

ಅವ್ವ ಸುನಂದಳನ್ನು ಎಳೆದು ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯತೊಡಗಿದಳು. ಮುಷ್ಟಿ ತಿರುಗಿಸುತ್ತಾ, ಮೂಗು ಒರೆಸಿಕೊಳ್ಳುತ್ತಾ ಗೊಣಗುತ್ತಿದ್ದಳು. "ಕಲ್ಲು ಕೋಸಂ... ಪಿಲ್ಲ ತಲಮೀದ ಪೆಟ್ಟಿನ ಒಟ್ಟು ತಪ್ಪಿನಾಡೇ."

ಕಲ್ಲಿಗಾಗಿ ಮಗುವಿನ ತಲೆಯ ಮೇಲಿಟ್ಟ ಆಣೆ ತಪ್ಪಿದನೇ?

ಕಲ್ಲಿಗಾಗಿ ಯಾರು ಆಣೆ ತಪ್ಪುತ್ತಾರೆ? ಸುನಂದ ಒಂದು ಗಳಿಗೆ ಅವ್ವನ ಬಾಯನ್ನೇ ನೋಡಿದಳು. ಮರುಗಳಿಗೆಯೇ ಅವಳಿಗೆ ಹೊಳೆಯಿತು. ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ. ಈಚಲು ಮರದಿಂದ ಇಳಿಸುವ ಹೆಂಡ. ತಾತ ಕುಡಿತ ಬಿಟ್ಟ ಮೇಲೆ ಆ ಮಾತು ಮನೆಯೊಳಗೆ ಬರದಂತೆ ಅವ್ವ ನೋಡಿಕೊಂಡಿದ್ದಳು. ಅದನ್ನು ಒಳಗೆ ತಂದವಳು ಸುನಂದಳೇ.

"ಅವ್ವಾ, ಆ ಕಲ್ಲು ಕಾದು," ಎಂದಳು. ಹೆಂಡವಲ್ಲ ಅಂತ; ಕನ್ನಡದ ಕಲ್ಲಿಗೆ ತೆಲುಗಿನಲ್ಲಿ ಬೇರೆ ಮಾತಿತ್ತು. "ರಾಯಿ. ತಾತ ಕಡುಪುಲೋ ರಾಯಿ."

ಅವ್ವನ ಮುಷ್ಟಿ ಗಾಳಿಯಲ್ಲೇ ನಿಂತಿತು. ರಾಯಾ ಎಂದು ಎರಡು ಸಲ ಕೇಳಿದಳು. ಸುನಂದ ಅಂಗಳದಿಂದ ಒಂದು ಹರಳುಕಲ್ಲು ತಂದು ತೋರಿಸಿದಳು. ಅವ್ವ ಅದನ್ನು ನೋಡಿದಳು, ಜಗಲಿಯಲ್ಲಿದ್ದ ತಾತನ ಬೆನ್ನನ್ನು ನೋಡಿದಳು. ಉಪ್ಪು ಮೆಣಸಿನಕಾಯಿಯನ್ನು ಒಲೆಗೂ ಹಾಕದೆ ಮೂಲೆಯಲ್ಲಿಟ್ಟು, ದೊಡ್ಡ ಚೊಂಬಿನ ತುಂಬ ನೀರು ತುಂಬಿಕೊಂಡು ಹೋಗಿ ತಾತನ ಪಕ್ಕದಲ್ಲಿ ಕೂತಳು. ಆದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದಳು.

ತಾತ ಗಟಗಟನೆ ನೀರು ಕುಡಿದ. ಬಾಗಿಲಲ್ಲಿ ಅಳುತ್ತಾ ನಿಂತಿದ್ದ ಸುನಂದಳನ್ನು ಕಂಡು ಬಾ ಎಂದ.

"ಅಳಬೇಡ ಕಣೇ. ಡಾಕ್ಟರಮ್ಮ ಅಂದಿದ್ದೇ ನೀನು ಅಂದೆ. ಅವ್ವಂಗೆ ಬೇರೆ ಥರ ಕೇಳಿಸ್ತು. ನಿನ್ದೇನ್ ತಪ್ಪು?"

ಸುನಂದ ಹೋಗಿ ಅವನ ಪಕ್ಕ ಕೂತಳು, ಆದರೆ ಮುಖ ಎತ್ತಲಿಲ್ಲ. ಅವ್ವನಿಗೆ ಬೇರೆ ಥರ ಕೇಳಿಸಿದ್ದು ನಿಜ. ಆದರೆ ನಾನು ಕುಡಿದಿಲ್ಲ ಎಂದು ತಾತ ಹೇಳಿದ್ದು ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ಕೇಳಿಸಿದ ಮೇಲೂ ಅವಳು ತಲೆ ಹಿಂದಕ್ಕೆ ಎಳೆದುಕೊಂಡಿದ್ದಳು.

ಅದನ್ನು ಅವನಿಗೆ ಹೇಳಬೇಕೆನಿಸಿತು. ಕನ್ನಡದಲ್ಲಿ ಹೇಗೆ ಹೇಳುವುದು, ತೆಲುಗಿನಲ್ಲಿ ಹೇಗೆ ಹೇಳುವುದು, ಅವಳಿಗೆ ತಿಳಿಯಲಿಲ್ಲ.