ಮೊದಲು ಕ್ಲಚ್, ಆಮೇಲೆ ಕೀ

"ಗಾಡಿ ನೋಡಬೇಕಿತ್ತು," ಎಂದ ಬಾಗಿಲಲ್ಲಿ ನಿಂತವನು.

ಟೀಚರ್ ನೆಲದ ಕೆಸರು ಒರೆಸುತ್ತಿದ್ದಳು. ಯಾರೋ ಶಿಷ್ಯೆಯ ಮನೆಯವರಿರಬೇಕೆಂದು ತಲೆ ಎತ್ತದೆಯೇ ಉತ್ತರ ಕೊಟ್ಟಳು. "ಹೊಸ ಬ್ಯಾಚ್ ಸದ್ಯಕ್ಕಿಲ್ಲ ಸರ್. ಗಾಡಿ ನೀರಲ್ಲಿ ಮುಳುಗಿ ಎದ್ದಿದೆ. ಲರ್ನರ್ ಲೈಸೆನ್ಸ್ ಇದೆಯಾ?"

"ಇಲ್ಲ."

"ಹಿಂದೆ ಎಲ್ಲಾದರೂ ಕಲಿತಿದ್ರಾ?"

"ಇಲ್ಲ. ಆದರೆ ನಾನು..."

"ವಯಸ್ಸಾಯ್ತು ಅಂತ ನಾಚಿಕೋಬೇಡಿ. ಮೊಮ್ಮಕ್ಕಳನ್ನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಕಲಿತವರಿದ್ದಾರೆ ನನ್ನ ಹತ್ರ."

ಇಷ್ಟು ಹೇಳಿದ ಮೇಲೆ ತಲೆ ಎತ್ತಿದಳು. ನಲವತ್ತರ ಆಸುಪಾಸಿನ ಮನುಷ್ಯ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದ. ಒಂದು ಕೈಯಲ್ಲಿ ಷೂ, ಇನ್ನೊಂದರಲ್ಲಿ ಟಾರ್ಚು. ಅವಳು ಆಗಷ್ಟೇ ಒರೆಸಿದ ನೆಲ ಕೊಳೆಯಾಗಬಾರದೆಂದು ಹೊಸಿಲಿನಿಂದ ಆಚೆಗೇ ನಿಂತಿದ್ದ.

"ವಯಸ್ಸಿನ ವಿಷಯ ಆಮೇಲೆ ನೋಡೋಣ," ಎಂದ. "ನಾನು ಇನ್ಶೂರೆನ್ಸ್ ಸರ್ವೇಯರ್. ನಿಮ್ಮ ಕಾರಿಗೆ ಏನೇನು ಡ್ಯಾಮೇಜ್ ಆಗಿದೆ ಅಂತ ನೋಡೋಕೆ ಬಂದೆ."

ಟೀಚರ್ ಕೈಯಲ್ಲಿದ್ದ ಬಟ್ಟೆಯಿಂದಲೇ ಮುಖ ಮುಚ್ಚಿಕೊಳ್ಳಲು ಹೋಗಿ, ಬಟ್ಟೆಯ ಬಣ್ಣ ನೋಡಿ ಸುಮ್ಮನಾದಳು.

"ಕಾರು ಪರೀಕ್ಷೆ ಮಾಡೋರಿಗೆ ಕಾರು ಓಡಿಸೋಕೆ ಬರಲ್ವಾ?"

"ಜಜ್ಜಿಹೋದದ್ದು, ಸುಟ್ಟದ್ದು, ಮುಳುಗಿದ್ದು, ಬರೀ ಇಂಥವೇ ನೋಡ್ತೀನಿ ಮೇಡಂ. ಸ್ಟಿಯರಿಂಗ್ ಹಿಡಿಯೋ ಧೈರ್ಯ ಎಲ್ಲಿಂದ ಬರಬೇಕು? ಬಸ್ಸಲ್ಲೇ ಓಡಾಡ್ತೀನಿ."

"ಅದರಲ್ಲೇನಿದೆ," ಎಂದು ಒಳಗಿನಿಂದ ಟೀಚರ ಚಿಕ್ಕಮ್ಮನ ದನಿ ಬಂತು. "ಮೀನು ಮಾರೋನಿಗೆ ಈಜು ಬರಲೇಬೇಕು ಅಂತಿದೆಯಾ?"

ಇಬ್ಬರೂ ನಕ್ಕರು. ಹೊಳೆ ಉಕ್ಕಿ ಬೀದಿಗೆ ನೀರು ನುಗ್ಗಿದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಮನೆಯ ಮುಂದಿನ ಕೋಣೆಯೇ ಡ್ರೈವಿಂಗ್ ಸ್ಕೂಲು, ಹೆಂಗಸರಿಗೂ ಅವರ ಮನೆಯ ಗಂಡಸರಿಗೂ ಮಾತ್ರ; 'ಹೊರಗಿನ ಗಂಡಸರಿಗೆ ಇಲ್ಲ' ಎಂದು ಬಾಗಿಲಲ್ಲೇ ಬೋರ್ಡಿತ್ತು. ಇದ್ದದ್ದು ಒಂದೇ ಕಾರು. ಪಾಠ ಹೇಳುವವರ ಕಾಲಿನ ಕೆಳಗೂ ಒಂದು ಬ್ರೇಕು ಕೂರಿಸಿದ ಹಳೇ ಬಿಳಿ ಕಾರು. ಸ್ಟಿಯರಿಂಗ್ ಹಿಡಿದ ಪ್ರತಿಯೊಬ್ಬಳಿಗೂ ಟೀಚರ್ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: "ಮೊದಲು ಕ್ಲಚ್, ಆಮೇಲೆ ಕೀ. ಎಡಗಾಲಲ್ಲಿ ಕ್ಲಚ್ ಒತ್ತದೆ ಇದ್ರೆ, ನೀವು ತಲೆ ಕೆಳಗಾಗಿ ನಿಂತರೂ ಈ ಗಾಡಿ ಸ್ಟಾರ್ಟ್ ಆಗಲ್ಲ, ಅಂಥ ಸ್ವಿಚ್ ಕೂರಿಸಿದೆ." ಅದಕ್ಕೇ ಊರಲ್ಲಿ ಅವಳಿಗೆ ಕ್ಲಚ್ ಟೀಚರ್ ಅಂತಲೇ ಹೆಸರು. ರಾತ್ರಿ ಪಾಳಿಗೆ ಹೋಗುವ ನರ್ಸು, ಗಂಡ ಸತ್ತ ಮೇಲೆ ಬೇಕರಿಯ ವ್ಯಾನು ತಾನೇ ಓಡಿಸುತ್ತೇನೆಂದು ಹಠ ಹಿಡಿದವಳು, ಎಲ್ಲರೂ ಅವಳ ಶಿಷ್ಯೆಯರು. ಎಲ್ಲರಿಗೂ ಕಲಿಸಿದವಳಿಗೆ ಮನೆಯೊಳಗೇ ಸೋಲಾಗಿತ್ತು. ಚಿಕ್ಕಮ್ಮ ಎರಡನೆಯ ದಿನಕ್ಕೇ ಪಾಠ ಬಿಟ್ಟಿದ್ದಳು.

ಈಗ ಕಾರು ರಿಪೇರಿಯಾಗದೆ ಹೋದರೆ ಸ್ಕೂಲಿಗೆ ಬೀಗವೇ ಗತಿ.

ಸರ್ವೇಯರ್ ಕಾರಿನ ಸುತ್ತ ಬಂದ. ಸೀಟಿನ ಮೇಲೆ ಕೆಸರು ಬಿಟ್ಟುಹೋದ ಗೆರೆಗೆ ಟೇಪು ಹಿಡಿದ. ಒಳಗೆ ಬಗ್ಗಿ ನೋಡಿ ಕೇಳಿದ. "ಈ ಕಡೆಯೂ ಬ್ರೇಕಾ?"

"ಅದು ನನ್ನದು. ಅವರು ಮರೆತಾಗ ನಾನು ಒತ್ತಬೇಕಲ್ಲ."

"ಬ್ರೇಕ್ ಒತ್ತೋದು ಮರೀತಾರಾ?"

"ಮರೆತರೆ ಪರವಾಗಿಲ್ಲ ಸರ್. ಕೆಲವರು ಕಣ್ಣೇ ಮುಚ್ಚಿಕೊಂಡುಬಿಡ್ತಾರೆ."

ಅವನು ನಗು ತಡೆದುಕೊಂಡು ಟಾರ್ಚು ಆರಿಸಿದ. "ಒಂದು ಮುಖ್ಯ ಪ್ರಶ್ನೆ ಮೇಡಂ. ನೀರು ನುಗ್ಗಿದ ಮೇಲೆ ಯಾರಾದ್ರೂ ಕೀ ತಿರುಗಿಸಿದ್ರಾ?"

"ಇಲ್ಲ. ಗಾಡಿ ಹತ್ರ ಹೋಗಬೇಡಿ ಅಂತ ಎಲ್ಲರಿಗೂ ಹೇಳಿದ್ದೆ."

"ಒಳ್ಳೇದಾಯ್ತು. ಇಂಜಿನ್ನಲ್ಲಿ ನೀರಿರುವಾಗ ಸ್ಟಾರ್ಟ್ ಮಾಡಿದ್ರೆ ಒಳಗಿನ ರಾಡೆಲ್ಲ ಬಾಗಿಹೋಗುತ್ತೆ. ಅದು ಪ್ರವಾಹ ಮಾಡಿದ ಹಾನಿ ಅಲ್ಲ, ನಾವೇ ಮಾಡಿಕೊಂಡದ್ದು ಅಂತ ಲೆಕ್ಕ. ಇಂಜಿನ್ ಖರ್ಚು ಪೂರ್ತಿ ನಿಮ್ಮ ತಲೆ ಮೇಲೇ ಬರುತ್ತೆ."

ಚಿಕ್ಕಮ್ಮ ಕಾಫಿ ತಂದು ನಿಂತಿದ್ದಳು. ತಟ್ಟೆಯನ್ನು ಗೋಡೆಯ ಮೇಲಿಟ್ಟು, ಯಾರೂ ಕರೆಯದಿದ್ದರೂ "ಬಂದೆ ಬಂದೆ" ಎನ್ನುತ್ತ ಒಳಗೆ ಹೋದಳು.

ಹೊರಡುವಾಗ ಸರ್ವೇಯರ್ ಕಾರಿನ ಹಿಂದಿದ್ದ 'ಎಲ್' ಬೋರ್ಡನ್ನು ಬಿಚ್ಚಿದ. ತನ್ನ ಕರವಸ್ತ್ರದಿಂದ ಒರೆಸಿ, ಕೆಂಪು ಅಕ್ಷರ ಕಾಣುವಂತೆ ಮಾಡಿ ಅವಳ ಕೈಗಿಟ್ಟ. "ಇದು ಜೋಪಾನ. ಮತ್ತೆ ಬೇಕಾಗುತ್ತೆ."

ಅದು ಅವನ ಕೆಲಸವಲ್ಲ. ಅವನು ಹೋದ ಮೇಲೂ ಟೀಚರ್ ಆ ಬೋರ್ಡು ಹಿಡಿದುಕೊಂಡೇ ಇದ್ದಳು.

ಮರುದಿನ ಕಾರನ್ನು ಎಳೆದುಕೊಂಡು ಹೋದರು. ಗ್ಯಾರೇಜಿಗೆ ಟೀಚರ್, ಸರ್ವೇಯರ್ ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಹೋಗಬೇಕಾಯಿತು. ಟೀಚರ್ ಅಭ್ಯಾಸಬಲದಿಂದ ಮುಂದಿನ ಸೀಟಿಗೆ ಹತ್ತಿದಳು. ಅವನು ಹಿಂದೆ ಕೂತ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮೆಲ್ಲಗೆ ಕೇಳಿತು.

"ಟೀಚರ್, ನೆಲ ತೂತಾಗುತ್ತೆ."

"ಏನು?"

"ನಿಮ್ಮ ಕಾಲು. ಮೂರು ಸಿಗ್ನಲ್ಲಲ್ಲೂ ನೀವೇ ಬ್ರೇಕ್ ಹಾಕಿದ್ರಿ. ಪಾಪ, ಡ್ರೈವರಿಗೆ ಕೆಲಸವೇ ಇಲ್ಲ."

ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಅಣಕವಿರಲಿಲ್ಲ ಅದರಲ್ಲಿ, ತನಗೆ ಸಿಕ್ಕ ಏನೋ ಒಂದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡವನ ಖುಷಿಯಿತ್ತು. ಮುಂದಿನ ತಿರುವಿನಲ್ಲಿ ಅವಳ ಕಾಲು ಮತ್ತೆ ನೆಲ ಒತ್ತಿತು. ಈ ಸಲ ಡ್ರೈವರೂ ನಕ್ಕ.

ಆಮೇಲೆ ಅವನ ಫೋನುಗಳು ಶುರುವಾದವು.

"ಟೀಚರ್, ಸೀಟ್ ಕವರ್ ಯಾವ ಬಣ್ಣ?"

"ನೀವೇ ನೋಡಿದ್ದೀರಲ್ಲ."

"ನಾನು ನೋಡಿದ್ದು ಕೆಸರಿನ ಬಣ್ಣ."

"ನೀಲಿ."

"ತಿಳಿ ನೀಲಿನಾ, ಕಡು ನೀಲಿನಾ?"

"ಇದನ್ನೆಲ್ಲ ಕಂಪನಿಯವರು ಕೇಳ್ತಾರಾ ಸರ್?"

"ಇಲ್ಲ," ಎಂದ. ಸುಳ್ಳು ಹೇಳಲು ಬಾರದ ಮನುಷ್ಯ ಎಂದು ಅವಳಿಗೆ ಗೊತ್ತಾದದ್ದು ಹಾಗೆ. ಫೋನ್ ಇಟ್ಟ ಮೇಲೆ ಗೋಡೆ ಉಜ್ಜುತ್ತ ಉಜ್ಜುತ್ತ, ಉಜ್ಜಿದ ಜಾಗವನ್ನೇ ಎರಡು ಸಲ ಉಜ್ಜಿದಳು.

ಇಷ್ಟಾದರೂ ಚಿಕ್ಕಮ್ಮನ ಮುಖ ಮಾತ್ರ ಬಾಡುತ್ತಲೇ ಹೋಯಿತು. ತಾಯಿಯಿಲ್ಲದ ಹುಡುಗಿಯನ್ನು ಬೆಳೆಸಿ ದೊಡ್ಡವಳು ಮಾಡಿದವಳು ಅವಳು. ಊಟ ಸೇರುತ್ತಿಲ್ಲ ಎನ್ನುತ್ತಿದ್ದಳು. ಸರ್ವೇಯರನ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎದ್ದು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ತಾರಸಿಯ ಮೇಲೆ ಹಾಸಿಗೆ ಒಣಗಿಸುವಾಗ ಬಾಯಿಬಿಟ್ಟಳು.

"ಪುಟ್ಟಿ, ನಾನು ತಿರುಗಿಸಿದೆ ಕಣೇ."

"ಏನನ್ನ?"

"ಕೀನ. ನೀನು ಪಕ್ಕದ ಮನೆ ಅಜ್ಜಿಯನ್ನ ಮಹಡಿಗೆ ಹತ್ತಿಸೋಕೆ ಹೋಗಿದ್ದೆಯಲ್ಲ, ಆಗ. ನೀರು ಏರ್ತಾ ಇತ್ತು. ಗಾಡಿನ ಒಂಚೂರು ಮೇಲಿನ ರಸ್ತೆಗಾದರೂ ಹತ್ತಿಸೋಣ ಅಂತ. ಏನೂ ಆಗಲಿಲ್ಲ, ಇಳಿದು ಬಂದೆ."

ಟೀಚರ್ ಒದ್ದೆ ಹಾಸಿಗೆಯ ಮೇಲೇ ಕೂತುಬಿಟ್ಟಳು.

"ಅವರಿಗೆ ಹೇಳಬೇಡ," ಎಂದಳು ಚಿಕ್ಕಮ್ಮ. "ನಾನು ನೀನು ಬಿಟ್ಟರೆ ಯಾರಿಗೆ ಗೊತ್ತು? ನಿನ್ನ ಸ್ಕೂಲು ಉಳೀಲಿ. ಪಾಪ ನನಗೆ ಬರಲಿ."

ಟೀಚರಿಗೆ ಚಿಕ್ಕಮ್ಮನ ಮೇಲೆ ಸಿಟ್ಟು ಬರಲಿಲ್ಲ. ಈಜು ಬಾರದ, ಡ್ರೈವಿಂಗೂ ಬಾರದ ಹೆಂಗಸು, ತಾನು ಬೆಳೆಸಿದವಳ ಕಾರಿಗಾಗಿ ಏರುವ ನೀರಿಗೆ ಇಳಿದಿದ್ದಾಳೆ. ಟೀಚರ್ ಅವಳ ಕೈ ಹಿಡಿದುಕೊಂಡಳು. ಹೇಳದೆ ಇದ್ದರೆ ಕಾರು ಬರಬಹುದು, ನರ್ಸಿಗೆ ಲೈಸೆನ್ಸು ಸಿಗಬಹುದು. ಆದರೆ ಇನ್ನೊಂದು ಸಲ ಅವನು ಫೋನು ಮಾಡಿ ಸೀಟಿನ ಬಣ್ಣ ಕೇಳಿದರೆ, ಯಾವ ದನಿಯಲ್ಲಿ ಉತ್ತರ ಕೊಡುವುದು?

ಮಧ್ಯಾಹ್ನ ಗ್ಯಾರೇಜಿಗೆ ಹೋದಳು. ಅವನು ಕೆಸರು ಕಾರುಗಳ ಸಾಲಿನಲ್ಲಿ ನಿಂತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು. ಅದು ಬಾಡುವ ಮೊದಲೇ ಹೇಳಿ ಮುಗಿಸಬೇಕೆಂದು ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಅವನು ಪೆನ್ನಿನ ಮುಚ್ಚಳ ಹಾಕಿದ. "ಇಂಜಿನ್ ಬಿಚ್ಚೋದು ನಾಳೆ. ಅಲ್ಲೀವರೆಗೆ ಸುಮ್ಮನಿರಬಹುದಿತ್ತು. ಯಾಕೆ ಹೇಳಿದ್ರಿ?"

"ಬೇರೆ ಯಾರಾದ್ರೂ ಆಗಿದ್ರೆ ಏನು ಮಾಡ್ತಿದ್ದೆನೋ ಗೊತ್ತಿಲ್ಲ. ನಿಮಗೆ ಸುಳ್ಳು ಹೇಳೋಕಾಗಲಿಲ್ಲ."

ಅವನು ಅವಳನ್ನೇ ನೋಡಿದ. ಕೈಯಲ್ಲಿದ್ದ ಫೈಲು ಮುಚ್ಚಿದ.

"ಹಾಗಾದ್ರೆ ಈ ಕೇಸು ನಾನು ನೋಡೋ ಹಾಗಿಲ್ಲ ಟೀಚರ್. ನಾಳೆ ಬೇರೆಯವರು ಬರ್ತಾರೆ."

ಅಷ್ಟೇ ಹೇಳಿ ಬಸ್ ಸ್ಟಾಪಿನ ಕಡೆ ಹೊರಟುಹೋದ. ಆ ದಿನ ಫೋನು ಬರಲಿಲ್ಲ. ಸತ್ಯ ಹೇಳಿ ಕಾರನ್ನೂ ಕಳೆದುಕೊಂಡೆ, ಅವನನ್ನೂ ಕಳೆದುಕೊಂಡೆ ಎಂದು ಟೀಚರ್ ತೀರ್ಮಾನಿಸಿದಳು. 'ಎಲ್' ಬೋರ್ಡನ್ನು ಕಪಾಟಿನ ಮೇಲಿನ ಹಲಗೆಗೆ, ಕಣ್ಣಿಗೆ ಬೀಳದ ಕಡೆ ಎತ್ತಿಟ್ಟಳು.

ಬೇರೆಯವರೆಂದರೆ ದೊಡ್ಡ ಮೇಡಂ, ಸರ್ವೇಯರುಗಳಲ್ಲೆಲ್ಲ ಹಿರಿಯರು. ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕಾಲಿಗೆ ರಬ್ಬರ್ ಬೂಟು. "ಕೀ ತಿರುಗಿಸಿದ ಮಹಾತಾಯಿ ಯಾರು?" ಎಂದರು ಬಂದವರೇ.

ಗ್ಯಾರೇಜಿನ ಮೂಲೆಯಲ್ಲಿ ಮುದುಡಿ ನಿಂತಿದ್ದ ಚಿಕ್ಕಮ್ಮ ಕೈ ಎತ್ತಿದಳು.

"ಬನ್ನಿ, ಕೂತು ತೋರಿಸಿ. ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಬೇಕು. ಒಂಚೂರೂ ಹೆಚ್ಚು ಕಮ್ಮಿ ಬೇಡ."

ಚಿಕ್ಕಮ್ಮ ಡ್ರೈವರ್ ಸೀಟಿಗೆ ಹತ್ತಿದಳು. ಸೀರೆ ಒಟ್ಟುಗೂಡಿಸಿದಳು. ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಕೈ ಚಾಚಿ ಇಲ್ಲದ ಕೀ ತಿರುಗಿಸಿದಳು.

"ಕಾಲು ಯಾಕೆ ಮೇಲೆ?" ಎಂದರು ದೊಡ್ಡ ಮೇಡಂ.

"ಕೆಳಗೆ ಕೊಳಚೆ ನೀರಿತ್ತಲ್ಲ ಮೇಡಂ. ಒಂದು ಜಿರಲೆ ಬೇರೆ ತೇಲ್ತಾ ಇತ್ತು. ಯಾರು ಇಡ್ತಾರೆ ಕಾಲು?"

"ಕೀ ತಿರುಗಿಸುವಾಗಲೂ ಹೀಗೇ ಕೂತಿದ್ರಾ?"

"ಹೀಗೇ. ದೇವರ ಕೋಣೆಯಲ್ಲಿ ಕೂತ ಹಾಗೆ."

ಟೀಚರ್ ಹಣೆಗೆ ಕೈ ಹೊಡೆದುಕೊಂಡಳು. "ಕ್ಲಚ್! ಚಿಕ್ಕಮ್ಮ, ನೀನು ಕ್ಲಚ್ ಒತ್ತಲೇ ಇಲ್ಲ."

"ಅದೊಂದು ನನಗೆ ಯಾವತ್ತೂ ನೆನಪಿರಲ್ಲ ಅಂತ ನೀನೇ ಬೈತಿದ್ದೆಯಲ್ಲೇ."

ದಿನಕ್ಕೆ ನೂರು ಸಲ ಹೇಳುವ ಮಾತು, ಬೇಕಾದ ಹೊತ್ತಿಗೆ ಟೀಚರಿಗೇ ಹೊಳೆದಿರಲಿಲ್ಲ. ಕ್ಲಚ್ ಒತ್ತದೆ ಆ ಗಾಡಿ ಏಳುವುದಿಲ್ಲ. ಇಂಜಿನ್ ಅಲುಗಾಡಿರಲೇ ಇಲ್ಲ. ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಒಳಗಿನ ರಾಡುಗಳೆಲ್ಲ ಹೊಸದರಂತೆ ನೆಟ್ಟಗಿದ್ದವು. ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಪಾಠ ಕಲಿಯದೆ ಗಾಡಿ ಉಳಿಸಿದವರನ್ನ ನಾನು ಇವತ್ತೇ ನೋಡಿದ್ದು. ಕ್ಲೈಮ್ ಪಾಸಾಗುತ್ತೆ, ಹೋಗಿ ಊಟ ಮಾಡಿ."

ಚಿಕ್ಕಮ್ಮ ಕಾರಿನಿಂದ ಇಳಿಯುವಾಗ ಅವಳ ಮುಖದಲ್ಲಿ ಪರೀಕ್ಷೆಯಲ್ಲಿ ಫಸ್ಟ್ ಬಂದವರ ಕಳೆಯಿತ್ತು.

ಟೀಚರ್ ಮಾತ್ರ ಹಿಂದೆ ಉಳಿದಳು. "ಮೇಡಂ, ಮೊದಲು ಬರ್ತಿದ್ದ ಸರ್... ನಮ್ಮ ಮೇಲೆ ಬೇಜಾರು ಮಾಡಿಕೊಂಡ್ರಾ?"

"ಬೇಜಾರಾ?" ದೊಡ್ಡ ಮೇಡಂ ಬೂಟಿನ ಕೆಸರು ಕೆರೆಯುತ್ತ ಹೇಳಿದರು. "ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ ಕಣಮ್ಮ. ಕಾರಿನ ಮಾಲೀಕರು ಬೇಕಾದವರಾಗಿದ್ರೆ ಆ ಕಾರನ್ನ ನಾವು ಮುಟ್ಟೋ ಹಾಗಿಲ್ಲ. ನಿನ್ನೆ ಬಂದು, ಈ ಕೇಸು ನನ್ನಿಂದಾಗಲ್ಲ, ನೀವು ನೋಡಿ ಅಂದ. ಯಾಕಪ್ಪಾ, ಅವರು ನಿನಗೆ ಏನಾಗಬೇಕು ಅಂತ ಕೇಳಿದೆ. ಸದ್ಯಕ್ಕೆ ಏನೂ ಅಲ್ಲ ಅಂದ. ಅಷ್ಟು ಹೇಳೋಕೆ ಕಿವಿ ಯಾಕಪ್ಪಾ ಅಷ್ಟು ಕೆಂಪಾಗಬೇಕು?"

ಟೀಚರ್ ಮನೆಗೆ ನಡೆದೇ ಹೋದಳು. ಬಸ್ಸು ಬಂದದ್ದೂ, ಹೋದದ್ದೂ ಅವಳಿಗೆ ಕಾಣಲಿಲ್ಲ. ಮನೆ ಸೇರಿದವಳೇ ಸ್ಟೂಲು ಹಾಕಿಕೊಂಡು 'ಎಲ್' ಬೋರ್ಡನ್ನು ಕೆಳಗಿಳಿಸಿದಳು.

ಕ್ಲೈಮ್ ಪಾಸಾಗಿ ಕಾರು ಮನೆಗೆ ಬಂದ ಬೆಳಿಗ್ಗೆ ಅವನು ಬಂದ. ಈ ಸಲ ನೆಲ ಒಣಗಿತ್ತು, ಆದರೂ ಹೊಸಿಲಿನ ಹೊರಗೇ ನಿಂತ.

"ಹೊಸ ಬ್ಯಾಚ್ ಶುರುವಾಯ್ತಾ?"

"ಲರ್ನರ್ ಲೈಸೆನ್ಸ್ ಇದೆಯಾ?" ಎಂದಳು ಟೀಚರ್. ದನಿ ಗಂಭೀರವಾಗಿಡಲು ತುಂಬ ಕಷ್ಟಪಟ್ಟಳು.

ಜೇಬಿನಿಂದ ತೆಗೆದು ತೋರಿಸಿದ.

"ಇದು ಹೆಂಗಸರ ಸ್ಕೂಲು."

"ಗೊತ್ತು. ಹೊರಗಿನ ಗಂಡಸರಿಗೆ ಇಲ್ಲ ಅಂತ ಬೋರ್ಡಿದೆ." ಅವನ ಕಿವಿ ಕೆಂಪಾಗುವುದನ್ನು ಅವಳು ಈಗ ಕಣ್ಣಾರೆ ಕಂಡಳು. "ಹೊರಗಿನವನಾಗಿ ಉಳಿಯೋಕೆ ನನಗೂ ಇಷ್ಟವಿಲ್ಲ ಟೀಚರ್. ಅವತ್ತು ಗ್ಯಾರೇಜಲ್ಲೇ ಹೇಳಬೇಕಿತ್ತು. ಆದರೆ ಆಗ ಹೇಳಿದ್ರೆ, ಕ್ಲೈಮಿಗಾಗಿ ನೀವು ಬೇಡ ಅನ್ನೋಕಾಗದೆ ಕಷ್ಟಪಡ್ತಿದ್ರಿ. ಈಗ ನಿಮ್ಮ ಕಾರು ಬಂದಾಗಿದೆ. ಬೇಡ ಅನ್ನಿಸಿದ್ರೆ ಧಾರಾಳವಾಗಿ ಬೇಡ ಅನ್ನಬಹುದು."

ಇಷ್ಟು ದಿನದ ಮೌನವೂ ತನಗೆ ಮಾಡಿದ ಉಪಕಾರವೇ ಎಂದು ಅವಳಿಗೆ ಅರ್ಥವಾಯಿತು. ಕೀ ತೆಗೆದು ಅವನ ಕೈಗಿಟ್ಟಳು.

"ಏನು ನಿಂತಿದ್ದೀಯಪ್ಪಾ?" ಎಂದಳು ಚಿಕ್ಕಮ್ಮ ಕಿಟಕಿಯಿಂದ. "ನನ್ನ ಹಾಗೆ ಕಾಲು ಮಡಚಿಕೊಂಡು ಕೂರಬೇಡ, ಅಷ್ಟೇ. ಮೊದಲು ಕ್ಲಚ್, ಆಮೇಲೆ ಕೀ."

ಕಾರು ಎರಡು ಸಲ ಕುಪ್ಪಳಿಸಿ ಬೀದಿಗಿಳಿಯಿತು. ಅವನ ಹಣೆಯಲ್ಲಿ ಬೆವರು. ಮೊದಲ ದಿನ ಬೇಕರಿಯವರೆಗೆ, ಮರುದಿನ ಶಾಲೆಯವರೆಗೆ, ಆಮೇಲೆ ಹೊಳೆಯ ಸೇತುವೆಯವರೆಗೆ. ಉಕ್ಕಿದ ಹೊಳೆ ಈಗ ತನ್ನ ಪಾಡಿಗೆ ಕೆಳಗೆ ಹರಿಯುತ್ತಿತ್ತು. ಸೇತುವೆ ಇಳಿಯುವಾಗ ನಾಯಿಯೊಂದು ಅಡ್ಡ ಬಂತು. ಅವನು ಬ್ರೇಕ್ ಒತ್ತಿದ. ಕಾರು ಮೆತ್ತಗೆ ನಿಂತಿತು. ನಾಯಿ ಇಬ್ಬರನ್ನೂ ನೋಡಿ, ಬಾಲ ಅಲ್ಲಾಡಿಸಿ ದಾಟಿಹೋಯಿತು.

"ನೀವು ಒತ್ತಿದ್ರಾ?" ಎಂದು ಕೇಳಿದ.

"ಇಲ್ಲ."

ಅವನಿಗೆ ನಂಬಿಕೆಯಾಗಲಿಲ್ಲ. ಬಗ್ಗಿ ಅವಳ ಕಡೆಯ ಬ್ರೇಕು ನೋಡಿದ. ಅದರ ಮೇಲೆ ಕಾಲೇ ಇರಲಿಲ್ಲ. ಟೀಚರ್ ಚಪ್ಪಲಿ ಕಳಚಿಟ್ಟು, ಥೇಟ್ ಚಿಕ್ಕಮ್ಮನ ಹಾಗೆ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದಳು.

"ಟೀಚರ್, ಕಾಲು?"

"ಇರಲಿ ಬಿಡಿ," ಎಂದಳು. "ನೀವಿದ್ದೀರಲ್ಲ. ಮನೆಗೆ ನಡೀರಿ, ಚಿಕ್ಕಮ್ಮ ಕಾಯ್ತಿರ್ತಾಳೆ."